ಥಾರ್ ಹಿಂದೆ 750 ಕೆಜಿ ಒಳಗಿನ ಕ್ಯಾಂಪರ್ ಟ್ರೇಲರ್: ಛಾಸಿ ಮುಗಿಯಿತು

ಥಾರ್ ಹಿಂದೆ ಕಟ್ಟಿಕೊಂಡು ಹೋಗಿ, ನಿಲ್ಲಿಸಿದಲ್ಲಿ ಮಲಗಲು, ಅಡುಗೆ ಮಾಡಲು ಆಗುವ ಕ್ಯಾಂಪರ್ ಟ್ರೇಲರ್ ಮಾಡಿಸುತ್ತಿದ್ದೇವೆ. ಅದರ ಛಾಸಿಯ, ಅಂದರೆ ಅಡಿಯ ಚೌಕಟ್ಟಿನ, ವೆಲ್ಡಿಂಗ್ ಮುಗಿದಿದೆ. ಪೀಣ್ಯದ ಶೆಡ್ಡಿನಲ್ಲಿ ಇನ್ನೂ ಬಣ್ಣ ಕಾಣದೆ ನಿಂತಿದೆ. ಗ್ಯಾಲ್ವನೈಸಿಂಗ್‌ಗೆ (ತುಕ್ಕು ಹಿಡಿಯದಂತೆ ಸತು ಹತ್ತಿಸುವುದು) ಕಳಿಸುವ ಮುಂಚೆ ಇಲ್ಲಿಯವರೆಗಿನ ತೀರ್ಮಾನಗಳನ್ನೆಲ್ಲ ಒಂದು ಕಡೆ ಬರೆದಿಡೋಣ ಅಂತ ಕೂತಿದ್ದೇನೆ. ರೆಡಿಮೇಡ್ ಕೊಳ್ಳುವವರಿಗೂ, ನಮ್ಮ ಹಾಗೆ ಆರ್ಡರ್ ಕೊಟ್ಟು ಮಾಡಿಸುವವರಿಗೂ ಎದುರಾಗುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಯಾವ ಪ್ರಶ್ನೆ ಹಿಡಿದು ಹೊರಟರೂ ಕೊನೆಗೆ ತೂಕಕ್ಕೇ ಬಂದು ನಿಲ್ಲುತ್ತದೆ.

ನಮ್ಮದು ಮೂರು ಬಾಗಿಲಿನ ಡೀಸೆಲ್ ಮಹೀಂದ್ರ ಥಾರ್. 2.2 ಲೀಟರ್ ಎಂಜಿನ್, 130 ಬಿಎಚ್‌ಪಿ, 300 ನ್ಯೂಟನ್ ಮೀಟರ್ ಟಾರ್ಕ್. ನಾನು, ಹೆಂಡತಿ, ಮಗಳು ಕೂತರೆ ಹಿಂದೆ ಸಾಮಾನಿಗೆ ಜಾಗವೇ ಇಲ್ಲ. ಎಲ್ಲವನ್ನೂ ಮೇಲಿನ ಕ್ಯಾರಿಯರ್‌ಗೆ ಏರಿಸಿದರೆ ಗಾಡಿ ತಿರುವಿನಲ್ಲಿ ವಾಲುತ್ತದೆ. ಟ್ರೇಲರ್ ಇದ್ದರೆ ಮನೆಯನ್ನು ಒಂದು ಕಡೆ ನಿಲ್ಲಿಸಿ, ಬರೀ ಥಾರ್ ತೆಗೆದುಕೊಂಡು ಸುತ್ತಬಹುದು. ನಮಗೆ ಬೇಕಾಗಿರುವುದು ಅದೇ. ಸಂಡೂರು, ಕಪ್ಪತಗುಡ್ಡದ ಕಡೆ ಮೊದಲು. ಆಮೇಲೆ ಚಳಿಗಾಲದಲ್ಲಿ ನೆಲ ಒಣಗಿದ ಮೇಲೆ ಕಚ್ಛ್‌ನ ರಣ್. ಅದೂ ಸರಿಹೋದರೆ ಸ್ಪಿತಿ.

ಇದು ಹೊಸ ಯೋಚನೆಯೇನೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲೇ ವಿಲ್ಲಿಸ್ ಜೀಪಿಗೆ ಅಂತಲೇ ಸಣ್ಣ ಟ್ರೇಲರ್ ಇತ್ತು. ಖಾಲಿ ತೂಕ ಸುಮಾರು 250 ಕೆಜಿ, ಹೊರುತ್ತಿದ್ದದ್ದು 227 ಕೆಜಿ. ಜೀಪಿನ ಚಕ್ರವೇ ಅದಕ್ಕೂ. ಎರಡು ಚಕ್ರಗಳ ನಡುವಿನ ಅಗಲವೂ ಜೀಪಿನಷ್ಟೇ. ಇದರಿಂದ ಎರಡು ಅನುಕೂಲ. ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ ಜೀಪಿನ ಚಕ್ರ ತುಳಿದು ಗಟ್ಟಿ ಮಾಡಿದ ಜಾಡಿನಲ್ಲೇ ಟ್ರೇಲರ್ ಬರುತ್ತದೆ. ಹೊಸ ಜಾಡು ಕೊರೆಯಬೇಕಾದರೆ ಎಂಜಿನ್ ಜಾಸ್ತಿ ಎಳೆಯಬೇಕು. ಹಾಗಾಗಿ ನಮ್ಮ ಟ್ರೇಲರ್‌ಗೂ ಥಾರ್‌ನದೇ ಟೈರ್, 255/65 ಆರ್18. ಆಕ್ಸಲ್ ಅಗಲವನ್ನೂ ಥಾರ್ ಅಳತೆಗೇ ಕೂರಿಸಿದ್ದೇವೆ.

750 ಅನ್ನೋ ಗೆರೆ

ಎಲ್ಲ ತುಂಬಿದ ಮೇಲೆ 750 ಕೆಜಿ ದಾಟಬಾರದು ಅಂತ ಮೊದಲ ದಿನವೇ ಹಾಕಿಕೊಂಡ ಗೆರೆ. ನಮ್ಮ ದೇಶದ ವಾಹನ ವರ್ಗೀಕರಣದಲ್ಲಿ ಒಟ್ಟು ತೂಕ 0.75 ಟನ್ ಮೀರದ ಟ್ರೇಲರ್ ಟಿ1 ವರ್ಗಕ್ಕೆ ಬರುತ್ತದೆ. ಯುರೋಪ್, ಆಸ್ಟ್ರೇಲಿಯಾಗಳಲ್ಲೂ ಇದೇ 750ರ ಗೆರೆ ಇದೆ. ಅದರೊಳಗಿದ್ದರೆ ಟ್ರೇಲರ್‌ಗೆ ಬ್ರೇಕ್ ಕಡ್ಡಾಯವಲ್ಲ, ದಾಟಿದರೆ ಬೇಕೇ ಬೇಕು.

ಕೊಳ್ಳುವಾಗ ಎಲ್ಲರೂ ಹೇಳುವುದು ಖಾಲಿ ತೂಕ. ಅದನ್ನು ನಂಬಿ ದುಡ್ಡು ಕೊಡಬೇಡಿ. ಕೇಳಬೇಕಾದ್ದು ನೀರು, ಗ್ಯಾಸ್, ಅಡುಗೆ ಸಾಮಾನು, ಬಟ್ಟೆ ಎಲ್ಲ ಸೇರಿದ ತೂಕ. ನಮ್ಮ ಲೆಕ್ಕ ಹೀಗಿದೆ: ಛಾಸಿ, ಬಾಡಿ, ಚಕ್ರ ಸೇರಿ 430 ಕೆಜಿ. ನೀರು 50. ಬ್ಯಾಟರಿ, ಸೋಲಾರ್, ವೈರಿಂಗ್ 30. ಫ್ರಿಜ್ ಮತ್ತು ಅದರೊಳಗಿನದು 35. ಒಲೆ, ಗ್ಯಾಸ್, ಪಾತ್ರೆ 30. ದಿನಸಿ 25. ಆವ್ನಿಂಗ್ (ಪಕ್ಕಕ್ಕೆ ಬಿಚ್ಚುವ ನೆರಳಿನ ಚಪ್ಪರ) ಮತ್ತು ಮಗಳ ಟೆಂಟ್ 28. ಹಾಸಿಗೆ, ಬಟ್ಟೆ 40. ಟೂಲ್ಸ್, ಜಾಕ್, ಹಗ್ಗ 27. ಒಟ್ಟು 695. ಉಳಿದ 55 ಕೆಜಿಯನ್ನು ಯಾವುದಕ್ಕೂ ಮೀಸಲಿಟ್ಟಿಲ್ಲ. ಒದ್ದೆ ಬಟ್ಟೆ, ಮೆತ್ತಿಕೊಂಡ ಕೆಸರು, ದಾರಿಯಲ್ಲಿ ಕೊಂಡ ಸೌದೆ, ಇವೆಲ್ಲ ತಾವಾಗಿಯೇ ಬಂದು ಸೇರುತ್ತವೆ ಅಲ್ವಾ.

ಈ ಲೆಕ್ಕವೇ ಟ್ರೇಲರ್ ನೆತ್ತಿಯ ಮೇಲೆ ಬಿಚ್ಚುವ ರೂಫ್ ಟಾಪ್ ಟೆಂಟನ್ನು ಹೊರಗೆ ಹಾಕಿತು. ಮಗಳಿಗೆ ಅದರ ಮೇಲೆ ತುಂಬಾ ಆಸೆ ಇತ್ತು. ಆದರೆ 50 ಕೆಜಿಯಷ್ಟು ಭಾರ ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಓರೆಯಾದ ಕಾಡುದಾರಿಯಲ್ಲಿ ಟ್ರೇಲರ್ ಉರುಳುವುದು ಇಂಥ ಭಾರದಿಂದಲೇ. ಬದಲಿಗೆ ಬಾಡಿಯ ಪಕ್ಕಕ್ಕೆ ಸೇರಿಸುವ ಸಣ್ಣ ಟೆಂಟ್. "ಅಪ್ಪಾ, ಹಾಗಾದ್ರೆ ಅದು ಪೂರ್ತಿ ನಂದೇ, ನೀವಿಬ್ಬರೂ ಒಳಗೆ ಬರಬಾರದು" ಅಂತ ಷರತ್ತು ಹಾಕಿ ಒಪ್ಪಿದ್ದಾಳೆ.

ಬಾಡಿ

ಮೊದಲು ನೋಡಿದ್ದು ಮಡಚುವ ಕ್ಯಾನ್ವಾಸ್ ಮಾದರಿ. ಹಗುರ, ಬೆಲೆಯೂ ಕಡಿಮೆ. ಆದರೆ ನಾವು ಮಲೆನಾಡಿಗೆ ಹೋಗದೆ ಇರುವವರಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಮೀ ಮಳೆ. ಅಂಥ ಕಡೆ ಕ್ಯಾನ್ವಾಸನ್ನು ಒದ್ದೆಯಾಗಿಯೇ ಮಡಚಬೇಕು, ಬೆಂಗಳೂರಿಗೆ ಬಂದು ಒಣಗಿಸಲು ಜಾಗ ಹುಡುಕಬೇಕು, ಅಷ್ಟರೊಳಗೆ ಬೂಷ್ಟು ಹಿಡಿದಿರುತ್ತದೆ. ಪ್ಲೈವುಡ್ ಬಾಡಿಯೂ ಬೇಡ ಅನ್ನಿಸಿತು. ಅಂಚಿನಲ್ಲಿ ಒಂದು ಸ್ಕ್ರೂ ತೂತಿನಿಂದ ನೀರು ಹೊಕ್ಕರೂ ಊದಿಕೊಳ್ಳುತ್ತದೆ.

ಕೊನೆಗೆ ಆರಿಸಿದ್ದು ಎಫ್‌ಆರ್‌ಪಿ ಸ್ಯಾಂಡ್‌ವಿಚ್ ಪ್ಯಾನೆಲ್. ಎರಡು ಬದಿಗೆ ಫೈಬರ್ ಹಾಳೆ, ನಡುವೆ ಗಟ್ಟಿ ಫೋಮ್. ಐಸ್‌ಕ್ರೀಮ್, ಹಾಲು ಸಾಗಿಸುವ ತಣ್ಣನೆ ಪೆಟ್ಟಿಗೆಯ ಗಾಡಿಗಳಿಗೆ ಹಾಕುವುದೂ ಇದನ್ನೇ. ಹಾಗಾಗಿ ಇಲ್ಲೇ ಮಾಡುವವರಿದ್ದಾರೆ, ರಿಪೇರಿ ಗೊತ್ತಿರುವವರೂ ಇದ್ದಾರೆ. 30 ಮಿಮೀ ದಪ್ಪದ್ದು ಚದರ ಮೀಟರಿಗೆ ಸುಮಾರು ಏಳೂವರೆ ಕೆಜಿ ಬೀಳುತ್ತದೆ. ನಮ್ಮ ಪೆಟ್ಟಿಗೆ 2.2 ಮೀಟರ್ ಉದ್ದ, 1.5 ಅಗಲ, 1.1 ಎತ್ತರ. ಆರೂ ಮುಖ ಸೇರಿ 15 ಚದರ ಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ 110 ಕೆಜಿ. ಒಳಗೆ ಇಬ್ಬರು ಮಲಗಬಹುದು, ನಿಲ್ಲಲು ಆಗುವುದಿಲ್ಲ. ಅಡುಗೆ ಹಿಂದಿನ ಬಾಗಿಲೆತ್ತಿ ಹೊರಗೆ.

ಎತ್ತರವನ್ನು ಥಾರ್‌ಗಿಂತ ತುಸು ಕಡಿಮೆಯೇ ಇಟ್ಟಿದ್ದೇವೆ. ಗಾಳಿಗೆ ಎದುರಾಗುವುದಿಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೂ ಇಳಿಯುತ್ತದೆ. ಖಾಲಿ ಇದ್ದಾಗ ಸಮತಟ್ಟು ನೆಲದಲ್ಲಿ ಇಬ್ಬರು ತಳ್ಳಿ ತಿರುಗಿಸಬಹುದು. ನಮ್ಮ ಕಿರಿದಾದ ಬೀದಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಛಾಸಿ ಮತ್ತು ಸಸ್ಪೆನ್ಷನ್

ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗಾ, ಪ್ರತಿ ಚಕ್ರಕ್ಕೂ ಬೇರೆ ಕಾಯಿಲ್ ಇರುವ ಟ್ರೇಲಿಂಗ್ ಆರ್ಮಾ ಅನ್ನೋ ಚರ್ಚೆ ಶೆಡ್ಡಿನಲ್ಲಿ ತುಂಬಾ ಹೊತ್ತು ನಡೆಯಿತು. ಟ್ರೇಲಿಂಗ್ ಆರ್ಮ್ ಮೆತ್ತಗೆ ಓಡುತ್ತದೆ, ಆಕ್ಸಲ್ ಅಡ್ಡ ಬರುವುದಿಲ್ಲವಾದ್ದರಿಂದ ಕಲ್ಲಿನ ಮೇಲೆ ಹೊಟ್ಟೆ ತಾಗುವುದೂ ಕಡಿಮೆ. ಶೆಡ್ಡಿನ ಯಜಮಾನರು ಒಂದೇ ಮಾತು ಹೇಳಿದರು: "ಸರ್, ಗದಗದ ಹತ್ರ ಮುರಿದ್ರೆ ಯಾವನು ಮಾಡ್ಕೊಡ್ತಾನೆ ಅಂತ ಯೋಚ್ನೆ ಮಾಡಿ. ಲೀಫ್ ಆದ್ರೆ ಟ್ರ್ಯಾಕ್ಟರ್ ಗ್ಯಾರೇಜಲ್ಲೂ ಆಗುತ್ತೆ." ಲೀಫ್‌ಗೇ ಹೋದೆವು. ಮೊದಲು ಅವರು ಸಣ್ಣ ಗೂಡ್ಸ್ ಗಾಡಿಯ ಪಟ್ಟಿಗಳನ್ನು ಹಾಗೇ ಹಾಕಲು ಹೊರಟಿದ್ದರು. ಅವು ಇದಕ್ಕಿಂತ ಎಷ್ಟೋ ಜಾಸ್ತಿ ಭಾರಕ್ಕೆ ಮಾಡಿದವು. ಹಗುರ ಟ್ರೇಲರ್‌ಗೆ ಹಾಕಿದರೆ ಬಾಗುವುದೇ ಇಲ್ಲ, ಒಳಗಿನ ಸಾಮಾನೆಲ್ಲ ಕುಣಿಯುತ್ತದೆ. ಜೆ.ಸಿ. ರಸ್ತೆಯಲ್ಲಿ ಹುಡುಕಿ, ಪಟ್ಟಿಗಳನ್ನು ಕಡಿಮೆ ಮಾಡಿಸಿ, ಜೊತೆಗೆ ಶಾಕ್ ಅಬ್ಸಾರ್ಬರ್ ಹಾಕಿಸುತ್ತಿದ್ದೇವೆ.

ಗ್ಯಾಲ್ವನೈಸಿಂಗ್ ಬಗ್ಗೆ ಒಂದು ಮುಖ್ಯ ವಿಷಯ. ಛಾಸಿ ಪೂರ್ತಿ ಬಾಕ್ಸ್ ಪೈಪ್. ಅದನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಮುಳುಗಿಸುತ್ತಾರೆ. ಪೈಪಿನ ಎರಡೂ ತುದಿ ಮುಚ್ಚಿ ವೆಲ್ಡ್ ಮಾಡಿದ್ದರೆ ಒಳಗಿನ ತೇವ ಆವಿಯಾಗಿ ಪೈಪ್ ಸಿಡಿಯುತ್ತದೆ. ಪ್ರತಿ ಪೈಪಿಗೂ ಗಾಳಿ ಹೋಗಲು, ಸತು ಇಳಿಯಲು ತೂತು ಇರಲೇಬೇಕು. ನಮ್ಮ ಛಾಸಿಯಲ್ಲಿ ಈ ತೂತುಗಳನ್ನು ಒಂದೊಂದಾಗಿ ನಾನೇ ಮುಟ್ಟಿ ನೋಡಿದ್ದೇನೆ. ಇವುಗಳಿಂದಲೇ ಪೈಪಿನ ಒಳಗೂ ಸತು ಹತ್ತುತ್ತದೆ. ಬರೀ ಪೇಂಟ್ ಹೊಡೆದರೆ ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗಿನಿಂದ ತುಕ್ಕು ತಿನ್ನುತ್ತಲೇ ಇರುತ್ತದೆ. ರಣ್‌ನ ಉಪ್ಪು ನೆಲದ ಯೋಚನೆ ಇರುವವರು ಇದರಲ್ಲಿ ದುಡ್ಡು ಉಳಿಸಬಾರದು.

ಕೊಂಡಿಗೆ ಸಾಮಾನ್ಯ 50 ಮಿಮೀ ಬಾಲ್ ಬೇಡ ಅಂದೆವು. ಹಳ್ಳ ದಾಟುವಾಗ ಗಾಡಿ ಒಂದು ಕಡೆಗೆ, ಟ್ರೇಲರ್ ಇನ್ನೊಂದು ಕಡೆಗೆ ತಿರುಚಿಕೊಂಡರೆ ಬಾಲ್ ಒಂದು ಮಟ್ಟದ ನಂತರ ಬಿಗಿದು ನಿಲ್ಲುತ್ತದೆ. ಸುತ್ತಲೂ ತಿರುಗುವ ಆಫ್‌ರೋಡ್ ಕೊಂಡಿ ಹಾಕುತ್ತಿದ್ದೇವೆ. ಡ್ರಾಬಾರ್, ಅಂದರೆ ಟ್ರೇಲರ್ ಮುಂದಕ್ಕೆ ಕೊಂಡಿಯವರೆಗೆ ಚಾಚಿದ ಕಂಬಿ, ಅದರ ಉದ್ದಕ್ಕೂ ಒಂದು ಲೆಕ್ಕವಿದೆ. ಥಾರ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2,450 ಮಿಮೀ ಮಾತ್ರ. ಗಿಡ್ಡ ಗಾಡಿಯನ್ನು ಟ್ರೇಲರ್ ಬೇಗ ಅಲ್ಲಾಡಿಸುತ್ತದೆ. ಡ್ರಾಬಾರ್ ಉದ್ದವಿದ್ದಷ್ಟೂ ಅದು ಸ್ಥಿರ, ರಿವರ್ಸ್ ಸುಲಭ. ಆದರೆ ಹೇರ್‌ಪಿನ್ ತಿರುವಿನಲ್ಲಿ ಟ್ರೇಲರ್ ಒಳಗಡೆಗೆ ಜಾಸ್ತಿ ಕತ್ತರಿಸಿಕೊಂಡು ಬರುತ್ತದೆ. ಥಾರ್‌ನ ಹಿಂಬಾಗಿಲು ಸ್ಟೆಪ್ನಿ ಸಮೇತ ಪಕ್ಕಕ್ಕೆ ತೆರೆಯುತ್ತದೆ, ಅದಕ್ಕೂ ಜಾಗ ಬಿಡಬೇಕು. ಆಕ್ಸಲ್‌ನಿಂದ ಕೊಂಡಿಗೆ 2.4 ಮೀಟರ್‌ಗೆ ನಿಲ್ಲಿಸಿದೆವು.

ಬ್ರೇಕ್

750ರ ಒಳಗಿದ್ದರೂ ನನಗೆ ಬ್ರೇಕ್ ಬೇಕು. ಆಗುಂಬೆ ಘಾಟಿಯ 14 ಹೇರ್‌ಪಿನ್ ಇಳಿಯುವಾಗ 700 ಕೆಜಿ ಹಿಂದಿನಿಂದ ತಳ್ಳುತ್ತಿದ್ದರೆ ಎಲ್ಲ ಬಿಸಿಯೂ ಗಾಡಿಯ ಬ್ರೇಕಿಗೇ ಬೀಳುತ್ತದೆ. ಇದರಲ್ಲಿ ಎರಡು ಬಗೆ. ಓವರ್‌ರನ್ ಬ್ರೇಕಿನಲ್ಲಿ ಟ್ರೇಲರ್ ಮುಂದಕ್ಕೆ ತಳ್ಳಿದಾಗ ಆ ತಳ್ಳುವಿಕೆಯೇ ಬ್ರೇಕ್ ಹಿಡಿಸುತ್ತದೆ. ವೈರಿಂಗ್ ಬೇಡ, ಸರಳ. ಆದರೆ ಉದ್ದದ ಇಳಿಜಾರಿನಲ್ಲಿ ಟ್ರೇಲರ್ ತಳ್ಳುತ್ತಲೇ ಇರುವುದರಿಂದ ಬ್ರೇಕೂ ಹಿಡಿದೇ ಇರುತ್ತದೆ, ಕಾಯುತ್ತದೆ. ಎಲೆಕ್ಟ್ರಿಕ್ ಬ್ರೇಕಿನಲ್ಲಿ ಡ್ರಮ್ಮಿನೊಳಗೆ ಅಯಸ್ಕಾಂತ, ಡ್ರೈವರ್ ಹತ್ತಿರ ಕಂಟ್ರೋಲರ್. ಎಷ್ಟು ಹಿಡಿಯಬೇಕು ಅನ್ನೋದನ್ನು ನಾವೇ ಹೊಂದಿಸಬಹುದು. ಇನ್ನೊಂದು ದೊಡ್ಡ ಲಾಭ, ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡಿದರೆ ಗಾಡಿಯ ಬ್ರೇಕ್ ಮುಟ್ಟದೆ ಟ್ರೇಲರ್‌ನದನ್ನು ಮಾತ್ರ ಕೈಯಿಂದ ಹಿಡಿದು ನೇರ ಮಾಡಬಹುದು. ಬಿಡಿಭಾಗ ಹೊರಗಿನಿಂದ ತರಿಸಬೇಕು, ದುಬಾರಿ. ಆದರೂ ಎಲೆಕ್ಟ್ರಿಕ್ಕೇ. ಈ ಖರ್ಚಿಗೆ ಜಾಗ ಮಾಡಲು ಒಳಗಿನ ಸೀಲಿಂಗ್ ಲೈನಿಂಗ್, ಒಂದು ಕಪಾಟು ಬಿಟ್ಟಿದ್ದೇವೆ. ಅದರಿಂದ ತೂಕವೂ ಇಳಿಯಿತು.

ನೀರಿನ ಟ್ಯಾಂಕ್ ಎಲ್ಲಿ

ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ತೂಕದ ಸುಮಾರು 10 ಪರ್ಸೆಂಟ್ ಇರಬೇಕು. ನಮ್ಮದಕ್ಕೆ ಸುಮಾರು 70 ಕೆಜಿ. ಇದು ತೀರಾ ಕಡಿಮೆಯಾದರೆ, ಅಂದರೆ ಹಿಂಭಾಗ ಭಾರವಾದರೆ, ಹೈವೇಯಲ್ಲಿ ಟ್ರೇಲರ್ ಓಲಾಡುತ್ತದೆ. ಇದನ್ನು ಅಳೆಯಲು ಮನೆಯ ತೂಕದ ಮಿಷನ್ ಸಾಕು. ಕೊಂಡಿಯ ಎತ್ತರಕ್ಕೆ ಕತ್ತರಿಸಿದ ಮರದ ತುಂಡನ್ನು ಮಿಷನ್ ಮೇಲೆ ನಿಲ್ಲಿಸಿ, ಅದರ ಮೇಲೆ ಕೊಂಡಿ ಇಳಿಸಿದರೆ ಆಯಿತು.

ಮೊದಲ ಡ್ರಾಯಿಂಗ್‌ನಲ್ಲಿ ಟ್ಯಾಂಕ್ ಆಕ್ಸಲ್‌ಗಿಂತ 60 ಸೆಂಟಿಮೀಟರ್ ಮುಂದಿತ್ತು. 50 ಲೀಟರ್ ಅಂದರೆ 50 ಕೆಜಿ. ಅದನ್ನು 0.6ರಿಂದ ಗುಣಿಸಿ 2.4ರಿಂದ ಭಾಗಿಸಿದರೆ ಕೊಂಡಿಗೆ 12.5 ಕೆಜಿ ಹೋಗುತ್ತದೆ. ನೀರು ಖಾಲಿಯಾದಂತೆ ಅಷ್ಟೂ ಭಾರ ಕೊಂಡಿಯಿಂದ ಮಾಯ. ಹೊರಟಾಗ ಸರಿಯಿದ್ದ ಟ್ರೇಲರ್ ವಾಪಸ್ ಬರುವಾಗ ಓಲಾಡಬಹುದು. ಈಗ ಟ್ಯಾಂಕ್ ಆಕ್ಸಲ್‌ಗೆ 20 ಸೆಂಟಿಮೀಟರ್ ಮುಂದೆ, ನೆಲದ ಕೆಳಗೆ. ನೀರು ತುಂಬಿದಾಗಿಗೂ ಖಾಲಿಯಾದಾಗಿಗೂ ಕೊಂಡಿಯ ಭಾರದಲ್ಲಿ ವ್ಯತ್ಯಾಸ ನಾಲ್ಕು ಕೆಜಿ ಮಾತ್ರ. ಒಳಗೆ ನೀರು ತುಳುಕದಂತೆ ಅಡ್ಡ ತಡೆಗಳೂ ಇವೆ. ಬ್ಯಾಟರಿ, ಟೂಲ್ಸ್ ಡ್ರಾಬಾರ್ ಪೆಟ್ಟಿಗೆಯಲ್ಲಿ, ಹಿಂದಿನ ಅಡುಗೆಮನೆ ಮತ್ತು ಫ್ರಿಜ್ಜಿನ ಭಾರಕ್ಕೆ ಎದುರಾಗಿ.

ಕರೆಂಟ್

100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಸುಮಾರು 12 ಕೆಜಿ. ಇಷ್ಟೇ ಸಾಮರ್ಥ್ಯದ ಲೆಡ್ ಆಸಿಡ್ 30 ಕೆಜಿ ಹತ್ತಿರ ಬರುತ್ತದೆ, ಅದರಲ್ಲೂ ಅರ್ಧವನ್ನಷ್ಟೇ ಬಳಸಬೇಕು. ಫ್ರಿಜ್ ದಿನಕ್ಕೆ 40 ಆಂಪಿಯರ್ ಅವರ್ ತಿಂದರೂ ಎರಡು ದಿನ ಬಿಸಿಲಿಲ್ಲದೆ ನಡೆಯುತ್ತದೆ. ಮಳೆಗಾಲದಲ್ಲಿ ಸೋಲಾರ್ ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಥಾರ್ ಓಡುವಾಗಲೇ ಚಾರ್ಜ್ ಆಗಲು 20 ಆಂಪಿಯರ್‌ನ ಡಿಸಿ ಚಾರ್ಜರ್ ಇದೆ. ಸ್ಪಿತಿಗೆ ಹೋಗುವವರು ಒಂದು ನೋಡಿಕೊಳ್ಳಿ: ಈ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಅಂಥ ಚಳಿಯಲ್ಲಿ ಚಾರ್ಜನ್ನು ತಾನಾಗಿ ಕಟ್ ಮಾಡುವ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಇರುವುದನ್ನೇ ಕೊಳ್ಳಿ.

ನಂಬರ್ ಪ್ಲೇಟ್

ಮಾರುವವರಲ್ಲಿ ಕೆಲವರು "ಇದಕ್ಕೆ ರಿಜಿಸ್ಟ್ರೇಷನ್ ಏನೂ ಬೇಡ ಸರ್, ಸುಮ್ನೆ ಎಳ್ಕೊಂಡು ಹೋಗಿ" ಅಂದರು. ಅಲ್ಲಿಂದ ಎದ್ದು ಬಂದೆ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ಓದಿ. ಮೋಟಾರು ವಾಹನ ಅನ್ನುವುದರಲ್ಲಿ ಟ್ರೇಲರ್ ಕೂಡ ಸೇರುತ್ತದೆ. ಸೆಕ್ಷನ್ 39ರ ಪ್ರಕಾರ ನೋಂದಣಿ ಇಲ್ಲದೆ ರಸ್ತೆಗೆ ಇಳಿಸುವಂತಿಲ್ಲ. ಸ್ವಂತ ಬಳಕೆಯ ಕ್ಯಾಂಪರ್ ಟ್ರೇಲರ್ ಅನ್ನು ಕೇಂದ್ರ ಸರ್ಕಾರ 2004ರ ಅಧಿಸೂಚನೆಯಲ್ಲೇ ನಾನ್ ಟ್ರಾನ್ಸ್‌ಪೋರ್ಟ್ ಪಟ್ಟಿಗೆ ಸೇರಿಸಿದೆ. ಹಿಂದೆ ಕಟ್ಟಿದ್ದು ಯಾರಿಗಾದರೂ ತಾಗಿ ಜೀವ ಹೋದರೆ ಇನ್ಶೂರೆನ್ಸ್ ಇಲ್ಲದೆ ಏನು ಮಾಡುವುದು? ಪೇಪರ್ ಇಲ್ಲದ ಟ್ರೇಲರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಅಡ್ವಾನ್ಸ್ ಕೊಡುವ ಮುಂಚೆಯೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ ಯಾವ ಯಾವ ಕಾಗದ ಬೇಕು ಅಂತ ಬರೆಸಿಕೊಂಡು ಬನ್ನಿ.

ಕಾಡಿನ ವಿಷಯವೂ ಇಲ್ಲಿಗೇ ಸೇರುತ್ತದೆ. ಟ್ರೇಲರ್ ಇದೆ ಅಂತ ಕಂಡಲ್ಲಿ ನಿಲ್ಲಿಸಿ ಮಲಗುವಂತಿಲ್ಲ. ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ತಂಗುವುದು ತಪ್ಪು. ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥ ಖಾಸಗಿ ಗಾಡಿಗಳ ಸಂಚಾರವೇ ಇಲ್ಲ. ನಾವು ತೋಟದವರನ್ನು ಕೇಳಿ, ಅವರ ಜಾಗದಲ್ಲೇ ನಿಲ್ಲುವ ಯೋಚನೆಯಲ್ಲಿದ್ದೇವೆ.

ಮುಂದಿನ ಕೆಲಸ

ಗ್ಯಾಲ್ವನೈಸಿಂಗ್ ಆಗಿ ಬಂದ ಮೇಲೆ ಆಕ್ಸಲ್, ಬ್ರೇಕ್ ವೈರಿಂಗ್, ಆಮೇಲೆ ಬಾಡಿ. ಬೇರಿಂಗ್ ಎಲ್ಲ ಕಡೆ ಸಿಗುವ ಸೈಜಿನದೇ ಹಾಕಿಸುತ್ತಿದ್ದೇವೆ, ಒಂದು ಜೊತೆ ಗ್ರೀಸ್ ಸಮೇತ ಟೂಲ್ ಪೆಟ್ಟಿಗೆಯಲ್ಲಿ ಇರುತ್ತದೆ. ಎಲ್ಲ ಮುಗಿದ ಮೇಲೆ ನೀರು, ದಿನಸಿ, ಹಾಸಿಗೆ ತುಂಬಿ ನೇರವಾಗಿ ವೇ ಬ್ರಿಡ್ಜ್‌ಗೆ. 750ರ ಗೆರೆಯೊಳಗೆ ಸ್ವಲ್ಪ ಉಳಿದೇ ಇರಬೇಕು, ಹಾಗಾಗಿ 700 ದಾಟಿ ತೋರಿಸಿದರೆ ಮೊದಲು ಆವ್ನಿಂಗ್ ಇಳಿಸುತ್ತೇವೆ, ನಂತರ ಎರಡನೇ ಕುರ್ಚಿ ಸೆಟ್. ಬ್ರೇಕ್, ಸ್ಟೆಪ್ನಿ, ನೀರು ಮಾತ್ರ ಇಳಿಸುವ ಪಟ್ಟಿಯಲ್ಲಿಲ್ಲ. ವೇ ಬ್ರಿಡ್ಜ್ ಚೀಟಿ ಸಿಕ್ಕ ಮೇಲೆ ಮೇಲಿನ ಲೆಕ್ಕದ ಪಕ್ಕದಲ್ಲೇ ನಿಜವಾದ ತೂಕವನ್ನೂ ಬರೆಯುತ್ತೇನೆ.