ಏರಿನಲ್ಲಿ ಮಾತ್ರ ಆಫ್ ಆಗುತ್ತಿದ್ದ ಇ-ಬೈಕ್: ಕೊನೆಗೂ ಕಾರಣ ಸಿಕ್ಕಿತು

ಸಿಕ್ಕಿತು! ಮೋಟಾರು ಸರಿ ಇದೆ. ಮೋಟಾರಿಗೆ ಎಷ್ಟು ಕರೆಂಟ್ ಎಂದು ನಿರ್ಧರಿಸುವ ಕಂಟ್ರೋಲರ್ ಸರಿ ಇದೆ. ಸೆಲ್‌ಗಳೂ ಸರಿ ಇವೆ. ಟ್ರೇಲಿನ ಏರಿನಲ್ಲಿ ಬೈಕನ್ನು ನಿಲ್ಲಿಸುತ್ತಿದ್ದದ್ದು ಬ್ಯಾಟರಿ ಕೂರುವ ಬೇಸ್‌ನ ಒಂದು ಸಣ್ಣ ಬ್ಲೇಡ್, ಅಂದರೆ ಕರೆಂಟ್ ದಾಟಿಸುವ ಚಪ್ಪಟೆ ಲೋಹದ ಪಟ್ಟಿ. ಈ ಸಲದ ಲಾಗ್ ಹೆಚ್ಚುಕಡಿಮೆ ಪೂರ್ತಿ ಅದರದ್ದೇ. ಕಡಿಮೆ ಬೆಲೆಯ ಇ-ಬೈಕ್ ಆರಿಸುವಾಗ ಮೊದಲು ಎಲ್ಲಿ ಕೈಯಿಟ್ಟು ನೋಡಬೇಕು ಅನ್ನೋದೇ ಇದರಿಂದ ಬದಲಾಗಿದೆ.

ಹಿಂದಿನ ಲಾಗ್ ಓದದವರಿಗೆ ಚುಟುಕಾಗಿ ಹೇಳುತ್ತೇನೆ. ದಿನಾ ಕೆಲಸಕ್ಕೆ ಹೋಗಲೂ ರಜೆಯಲ್ಲಿ ಟ್ರೇಲಿಗೆ ಹೋಗಲೂ ಒಂದೇ ಬೈಕ್ ಬೇಕು, ಬೆಲೆ ಕೈಗೆಟುಕಬೇಕು. ಹುಡುಕಿ ಹುಡುಕಿ ಎರಡು ದಾರಿ ಉಳಿದವು. ಒಂದು, ಹಿಂದಿನ ಚಕ್ರದಲ್ಲಿ ಗೇರ್ಡ್ ಹಬ್ ಮೋಟಾರಿರುವ 36 ವೋಲ್ಟಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಬೈಕ್). ಇನ್ನೊಂದು, ಮಿಡ್ ಡ್ರೈವ್, ಅಂದರೆ ಪೆಡಲ್ ಹತ್ತಿರ ಕೂತು ಚೈನಿನ ಮೂಲಕ ಚಕ್ರ ತಿರುಗಿಸುವ ಮೋಟಾರು. ಮೊದಲು ಹಬ್ ಬೈಕನ್ನೇ ತಂದು ಪಳಗಿಸೋಣ ಎಂದುಕೊಂಡೆ. ಟೈರು, ಬ್ರೇಕು, ಸೀಟು ಹೊಂದಿಸಿದ ಕಥೆ ಬಿಟ್ಟುಬಿಡುತ್ತೇನೆ, ಅದೆಲ್ಲ ನಿಮಗೆ ಗೊತ್ತಿರುವುದೇ.

ರಸ್ತೆಯ ಮೇಲೆ ಈ ಬೈಕ್ ಬಗ್ಗೆ ದೂರೇ ಇಲ್ಲ. ಸಿಗ್ನಲ್‌ನಿಂದ ಎದ್ದು ಹೋಗುವ ರೀತಿ, ಎದುರುಗಾಳಿಯಲ್ಲಿ ಸಿಗುವ ಒತ್ತಾಸೆ, ಎಲ್ಲ ಚೆನ್ನಾಗಿದೆ. ಟ್ರೇಲಿಗೆ ಇಳಿದು ಕಲ್ಲು, ಬೇರು ಇರುವ ಕಡಿದಾದ ಏರು ಶುರುವಾಯಿತೋ, ಫಟ್. ಡಿಸ್‌ಪ್ಲೇ ಕಪ್ಪು. ಮೋಟಾರು ಇಲ್ಲ. 25 ಕೆಜಿ ತೂಕದ ಬೈಕನ್ನು ಸಡಿಲ ಮಣ್ಣಿನ ಏರಿನಲ್ಲಿ ಬರೀ ಕಾಲಿನಿಂದ ತುಳಿಯುವುದು ಎಂಥ ಶಿಕ್ಷೆ ಅಂತ ತುಳಿದವರಿಗೇ ಗೊತ್ತು. ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಏನೂ ಆಗಿಲ್ಲ ಎಂಬಂತೆ ಆನ್ ಆಗುತ್ತಿತ್ತು. ಮುಂದಿನ ಕಲ್ಲಿನ ಏರು ಬಂದರೆ ಮತ್ತೆ ಫಟ್.

ಇಲ್ಲಿ ಡಿಸ್‌ಪ್ಲೇ ಕಪ್ಪಾಗುವುದೇ ದೊಡ್ಡ ಸುಳಿವು. ಕಂಟ್ರೋಲರ್ ಬಿಸಿಯಾಗಿ ನಿಂತರೆ ಡಿಸ್‌ಪ್ಲೇ ಆನ್ ಇರುತ್ತದೆ, ಮೋಟಾರು ಮಾತ್ರ ನಿಲ್ಲುತ್ತದೆ. ಬ್ರೇಕ್ ಲಿವರಿನ ಕಟ್-ಆಫ್ ಸ್ವಿಚ್ ಸಿಕ್ಕಿಕೊಂಡರೂ ಅಷ್ಟೇ. ವೋಲ್ಟೇಜ್ ಇಳಿದು ಕಂಟ್ರೋಲರೇ ಕೈಬಿಟ್ಟರೂ ಬ್ಯಾಟರಿ ಗೀಟು ಕಡಿಮೆ ತೋರಿಸುತ್ತಾ ಡಿಸ್‌ಪ್ಲೇ ಬೆಳಗುತ್ತಲೇ ಇರುತ್ತದೆ. ಎಲ್ಲ ಒಟ್ಟಿಗೆ ಕಪ್ಪಾಗಬೇಕಾದರೆ ಕಂಟ್ರೋಲರಿಗೆ ಕರೆಂಟೇ ತಲುಪುತ್ತಿಲ್ಲ. ಅಂದರೆ ಬಿಎಂಎಸ್ (ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಕಡಿತ ಮಾಡಿದೆ, ಇಲ್ಲವೇ ದಾರಿಯಲ್ಲಿ ಯಾವುದೋ ಜಾಯಿಂಟ್ ಬಿಟ್ಟುಹೋಗುತ್ತಿದೆ.

ತಲೆ ಕೆಡಿಸಿದ್ದು ಇಲ್ಲೇ. ಬ್ಯಾಟರಿ ತೆಗೆದು ಹಾಕಿದರೆ ಬಿಎಂಎಸ್ ಕೂಡ ರಿಸೆಟ್ ಆಗುತ್ತದೆ, ಸಡಿಲ ಜಾಯಿಂಟ್ ಕೂಡ ಮತ್ತೆ ಕಚ್ಚಿಕೊಳ್ಳುತ್ತದೆ. ಒಂದೇ ಮದ್ದು ಎರಡು ಕಾಯಿಲೆಗೂ ಕೆಲಸ ಮಾಡಿದರೆ ಯಾವ ಕಾಯಿಲೆ ಅಂತ ಗೊತ್ತಾಗುವುದು ಹೇಗೆ?

ಸೆಲ್‌ಗಳ ಲೆಕ್ಕ ಮೊದಲು ಹಾಕಿದೆ. ನನ್ನದು 10 ಸೀರೀಸ್, 4 ಪ್ಯಾರಲಲ್ ಪ್ಯಾಕ್, ಅಂದರೆ ನಾಲ್ಕು ನಾಲ್ಕು ಸೆಲ್ ಜೋಡಿಸಿದ ಹತ್ತು ಗುಂಪುಗಳ ಸಾಲು. ಫುಲ್ ಚಾರ್ಜ್ ಆದಾಗ 42 ವೋಲ್ಟ್, ಕಂಟ್ರೋಲರ್ ಕೈಬಿಡುವುದು 31ರ ಆಸುಪಾಸು. ಒಂದೊಂದು ಸೆಲ್‌ನ ಒಳ ರೆಸಿಸ್ಟೆನ್ಸ್ 50 ಮಿಲಿಓಮ್ ಎಂದು ಹಿಡಿದರೆ ಇಡೀ ಪ್ಯಾಕ್‌ಗೆ 125 ಮಿಲಿಓಮ್. 15 ಆಂಪ್ ಎಳೆದಾಗ ಇಳಿಯುವುದು ಸುಮಾರು 1.9 ವೋಲ್ಟ್. ಸೆಲ್‌ಗಳು ಹಳತಾಗಿ ರೆಸಿಸ್ಟೆನ್ಸ್ ಎರಡರಷ್ಟಾದರೂ 4 ವೋಲ್ಟ್ ದಾಟಲ್ಲ. ಫುಲ್ ಚಾರ್ಜ್ ಇದ್ದಾಗಲೂ ಬೈಕ್ ಆಫ್ ಆಗುತ್ತಿತ್ತು, ಹಾಗಾಗಿ ಇಡೀ ಪ್ಯಾಕ್ ಸೊರಗಿದೆ ಎಂಬ ವಾದ ನಿಲ್ಲಲ್ಲ. ಒಂದು ಪ್ಯಾರಲಲ್ ಗುಂಪು ಮಾತ್ರ ಸೊರಗಿದ್ದರೆ? ಬಿಎಂಎಸ್ ಪ್ರತಿ ಗುಂಪನ್ನೂ ಬೇರೆ ಬೇರೆ ನೋಡುತ್ತದೆ. ಒಂದು ಗುಂಪು 2.5ರಿಂದ 3 ವೋಲ್ಟಿನ ನಡುವಿನ ತನ್ನ ಮಿತಿಗೆ ಇಳಿದರೂ ಸಾಕು, ಪೂರ್ತಿ ಕಡಿತ. ಆದರೆ ಪ್ರತಿ ಗುಂಪಿನಿಂದ ಬಿಎಂಎಸ್‌ಗೆ ಹೋಗುವ ಬ್ಯಾಲೆನ್ಸ್ ತಂತಿಗಳಲ್ಲಿ ಅಳೆದಾಗ ಹತ್ತೂ ಗುಂಪು ಹತ್ತಿರ ಹತ್ತಿರ ಇದ್ದವು.

ಉಳಿದದ್ದು ಬಿಎಂಎಸ್‌ನ ಆಂಪ್ ಮಿತಿ. ಇಲ್ಲಿ ಮಾರಾಟಗಾರರ ಮೇಲೆ ನನ್ನ ಸಿಟ್ಟು ಹೇಳಲೇಬೇಕು. ಬೈಕ್ ಕೊಟ್ಟವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಬಿಎಂಎಸ್ ನಿರಂತರವಾಗಿ ಎಷ್ಟು ಆಂಪ್ ಕೊಡುತ್ತದೆ? ಬಂದ ಉತ್ತರ ಬ್ಯಾಟರಿ ಸ್ಟಿಕ್ಕರಿನ ಫೋಟೊ. ಅದರಲ್ಲಿ ಇದ್ದದ್ದು ವೋಲ್ಟ್ ಮತ್ತು ಆಂಪ್-ಅವರ್ ಮಾತ್ರ. ಮತ್ತೆ ಕೇಳಿದರೆ ಅದೇ ಫೋಟೊ, ಇನ್ನೂ ದೊಡ್ಡದಾಗಿ. ಆಂಪ್-ಅವರ್ ಎಂದರೆ ಎಷ್ಟು ದೂರ ಹೋಗಬಹುದು ಅನ್ನುವುದರ ಲೆಕ್ಕ. ಏರು ಹತ್ತುತ್ತದೋ ಇಲ್ಲವೋ ಅಂತ ಅದು ಹೇಳಲ್ಲ. ಮೋಟಾರಿನ ಮೇಲೆ 250 ವ್ಯಾಟ್ ಅಂತ ಬರೆದಿರುತ್ತದೆ, ಅದು ನಿರಂತರ ರೇಟಿಂಗ್. ಕಂಟ್ರೋಲರ್ 15 ಆಂಪ್ ಬಿಟ್ಟರೆ 36 ವೋಲ್ಟಿನಲ್ಲಿ 540 ವ್ಯಾಟ್ ಎಳೆಯುತ್ತದೆ. ಅಷ್ಟನ್ನು ತಾಳುವ ಬಿಎಂಎಸ್ ಇದೆಯೇ ಎಂದು ತಿಳಿಯುವ ಹಕ್ಕು ದುಡ್ಡು ಕೊಟ್ಟವನಿಗೆ ಇರಬೇಕು ಅಲ್ವಾ?

ಉತ್ತರ ಸಿಗದಿದ್ದರೂ ಪರೀಕ್ಷೆಗೆ ಒಂದು ದಾರಿ ಹೊಳೆಯಿತು. ಟ್ರೇಲಿನಷ್ಟೇ ಕಡಿದಾದ, ಆದರೆ ನುಣುಪಾದ ಟಾರು ಏರು ಹುಡುಕಿದೆ. ಫುಲ್ ಅಸಿಸ್ಟ್, ಅದೇ ಗೇರು, ಅದೇ ನಿಧಾನ. ಕರೆಂಟ್ ಅಷ್ಟೇ ಹರಿಯುತ್ತದೆ, ಕುಲುಕಾಟ ಮಾತ್ರ ಇಲ್ಲ. ಒಂದು ಸಲವೂ ಆಫ್ ಆಗಲಿಲ್ಲ! ಕರೆಂಟ್ ಜಾಸ್ತಿಯಾಗಿ ಬಿಎಂಎಸ್ ಕಡಿಯುತ್ತಿದ್ದರೆ ಇಲ್ಲೂ ಕಡಿಯಬೇಕಿತ್ತು. ಇನ್ನು ಸಮತಟ್ಟಾದ ಕಲ್ಲು ಹಾದಿಯಲ್ಲಿ ಎಷ್ಟು ಕುಲುಕಿದರೂ ಆಫ್ ಆಗುತ್ತಿರಲಿಲ್ಲ. ಜಾಸ್ತಿ ಕರೆಂಟೂ ಕುಲುಕಾಟವೂ ಕೂಡಿದಾಗ ಮಾತ್ರ ತೊಂದರೆ. ಹಾಗಾದರೆ ಎಲ್ಲೋ ಒಂದು ಜಾಯಿಂಟ್ ಸಡಿಲ.

ಆದರೆ ಯಾವುದು? ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಇಂಥದ್ದು ಸಿಗಲ್ಲ, ನಿಂತ ಬೈಕಿನಲ್ಲಿ ಎಲ್ಲ ಜಾಯಿಂಟೂ ಒಳ್ಳೆಯದಾಗಿಯೇ ಕಾಣುತ್ತದೆ. ಕರೆಂಟ್ ಹರಿಯುವಾಗಲೇ ಜಾಯಿಂಟಿನ ಎರಡು ಬದಿಗೆ ವೋಲ್ಟ್ ಅಳೆಯಬೇಕು. ಬ್ಯಾಟರಿ ಬೇಸ್‌ನಲ್ಲಿ ಕೂತ ಮೇಲೆ ಬ್ಲೇಡ್‌ಗಳು ಮುಚ್ಚಿಹೋಗುತ್ತವೆ, ಪ್ರೋಬ್ ಇಡಲು ಜಾಗವಿಲ್ಲ. ಇದಕ್ಕೆ ಉಪಾಯ ಪ್ಯಾಕಿನ ಚಾರ್ಜಿಂಗ್ ಪೋರ್ಟ್. ಅದರ ಪಾಸಿಟಿವ್ ಸಾಮಾನ್ಯವಾಗಿ ಪ್ಯಾಕಿನ ಒಳಗಿನ ಪಾಸಿಟಿವ್‌ಗೇ ಸೇರಿರುತ್ತದೆ. ಅಲ್ಲಿಂದ ಒಂದು ತೆಳ್ಳನೆಯ ತಂತಿ, ಕಂಟ್ರೋಲರಿನ ಕೆಂಪು ತಂತಿಯಿಂದ ಇನ್ನೊಂದು, ಎರಡನ್ನೂ ಹ್ಯಾಂಡಲ್‌ಗೆ ಕಟ್ಟಿದ ಮೀಟರಿಗೆ. ಎರಡೂ ತಂತಿ ಶುರುವಾಗುವ ತುದಿಯಲ್ಲೇ ಒಂದೊಂದು ಸಣ್ಣ ಫ್ಯೂಸ್ ಮರೆಯಬೇಡಿ. ತೆಳ್ಳನೆಯ ತಂತಿ ಕುಲುಕಿ ಎಲ್ಲಾದರೂ ನೆಗೆಟಿವ್‌ಗೆ ತಾಗಿದರೆ ಈ ಪ್ಯಾಕ್ ಅದನ್ನು ಕ್ಷಣದಲ್ಲಿ ಸುಟ್ಟುಹಾಕುತ್ತದೆ.

ಸಮತಟ್ಟಿನಲ್ಲಿ ಮೀಟರ್ 0.2 ವೋಲ್ಟಿನ ಹತ್ತಿರ ನಿಂತಿತ್ತು. ಏರು ಶುರುವಾಗಿ 15 ಆಂಪ್ ಹರಿಯತೊಡಗಿದ ಕೂಡಲೇ 0.7. ಪ್ರತಿ ಕಲ್ಲಿಗೂ ಸಂಖ್ಯೆ ಹುಚ್ಚಾಗಿ ಕುಣಿಯುತ್ತಿತ್ತು. ಆ ಸಂಖ್ಯೆ ನೋಡಿ ನನಗೆ ಆದ ಖುಷಿ ಹೇಳತೀರದು.

ಲೆಕ್ಕ ನೋಡಿ. 0.7 ವೋಲ್ಟ್, 15 ಆಂಪ್, ಅಂದರೆ ಆ ಒಂದು ಬ್ಲೇಡಿನಲ್ಲಿ 47 ಮಿಲಿಓಮ್. ಶಾಖ 10.5 ವ್ಯಾಟ್, ಅದೂ ಪ್ಲಾಸ್ಟಿಕ್ಕಿನೊಳಗೆ. ರಸ್ತೆಯಲ್ಲಿ 5 ಆಂಪ್ ಹರಿಯುವಾಗ ಅದೇ ಬ್ಲೇಡಿನಲ್ಲಿ 1.2 ವ್ಯಾಟ್ ಅಷ್ಟೇ. ಕರೆಂಟ್ ಮೂರರಷ್ಟಾದರೆ ಶಾಖ ಒಂಬತ್ತರಷ್ಟು. ದಿನನಿತ್ಯದ ಓಡಾಟದಲ್ಲಿ ಈ ದೋಷ ಕಾಣದೇ ಇದ್ದದ್ದು ಇದಕ್ಕೇ. ಕಾದಂತೆಲ್ಲ ಸ್ಪ್ರಿಂಗಿನ ಬಿಗಿ ಇಳಿಯುತ್ತದೆ. ಬಿಗಿ ಇಳಿದಂತೆಲ್ಲ ಇನ್ನೂ ಕಾಯುತ್ತದೆ.

ಆಫ್ ಆಗುವುದರ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಕಲ್ಲಿಗೆ ಹೊಡೆದಾಗ ಬ್ಲೇಡ್ ಒಂದು ಕ್ಷಣ ಬಿಡುತ್ತದೆ. ಆ ಹೊತ್ತು ಕಂಟ್ರೋಲರನ್ನು ಉಳಿಸುವುದು ಅದರೊಳಗೆ ಒಂದಿಷ್ಟು ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಮಾತ್ರ. 1000 ಮೈಕ್ರೋಫ್ಯಾರಡ್ ಎಂದು ಹಿಡಿಯಿರಿ. 5 ಆಂಪ್ ಎಳೆಯುತ್ತಿದ್ದರೆ 10 ವೋಲ್ಟ್ ಇಳಿಯಲು 2 ಮಿಲಿಸೆಕೆಂಡ್ ಸಿಗುತ್ತದೆ. 15 ಆಂಪ್ ಆದರೆ 0.67 ಮಿಲಿಸೆಕೆಂಡ್. ಸಮತಟ್ಟಿನಲ್ಲಿ ಅದೇ ಕಲ್ಲು, ಅದೇ ಕುಲುಕು ದಾಟಿಹೋಗುತ್ತದೆ, ಏರಿನಲ್ಲಿ ದಾಟಲ್ಲ.

ಇಲ್ಲಿ ಒಂದು ಅಡ್ಡದಾರಿ. ಹ್ಯಾಂಡಲ್ ಮೇಲಿನ ಮೀಟರ್ ನೋಡುತ್ತಾ ಕಲ್ಲಿನ ಏರು ಹತ್ತುವುದು ಒಳ್ಳೆಯದಲ್ಲ. ಹಾಗಾಗಿ ಅಳತೆ ಬರೆದಿಡುವ ಒಂದು ಸಣ್ಣ ಲಾಗರ್ ಮಾಡುತ್ತಿದ್ದೇನೆ: ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಒಂದು ಶಂಟ್ (ಕರೆಂಟ್ ಅಳೆಯಲು ಬಳಸುವ, ತೀರಾ ಕಡಿಮೆ ರೆಸಿಸ್ಟೆನ್ಸಿನ ತುಂಡು), ಒಂದು ಮೆಮೊರಿ ಕಾರ್ಡ್. ಕರೆಂಟ್ ಅಳೆಯಲು ಎಲ್ಲರೂ ಮೊದಲು ಕೈಹಾಕುವ ಐಎನ್‌ಎ219 ಚಿಪ್ ಇಲ್ಲಿ ಆಗಲ್ಲ, ಅದರ ಮಿತಿ 26 ವೋಲ್ಟ್. ಐಎನ್‌ಎ226 ಕೂಡ 36 ವೋಲ್ಟಿಗೇ ನಿಲ್ಲುತ್ತದೆ, ನಮ್ಮ ಪ್ಯಾಕ್ ಫುಲ್ ಆದಾಗ 42. ಐಎನ್‌ಎ228 ಆದರೆ 85 ವೋಲ್ಟಿನವರೆಗೆ ತಾಳುತ್ತದೆ, 48 ವೋಲ್ಟಿನ ಪ್ಯಾಕಿಗೂ ಸಾಕು. ಬ್ರೆಡ್‌ಬೋರ್ಡ್ ಮೇಲೆ ಓಡುತ್ತಿದೆ, ಡಬ್ಬಿಗೆ ಇನ್ನೂ ಹಾಕಿಲ್ಲ.

ಮತ್ತೆ ಬ್ಲೇಡಿಗೆ. ಬೇಸ್ ಬಿಚ್ಚಿದಾಗ ಪಾಸಿಟಿವ್ ಬ್ಲೇಡಿನ ಸುತ್ತ ಪ್ಲಾಸ್ಟಿಕ್ ಕಂದಾಗಿತ್ತು, ಲೋಹದ ಮೇಲೆ ಕಪ್ಪು ಕಲೆ. ಮೂಲ ಕಾರಣ ಬ್ಯಾಟರಿಯ ಅಲುಗಾಟ. ಎರಡೂವರೆ ಕೆಜಿ ಹತ್ತಿರದ ಪ್ಯಾಕ್ ತನ್ನನ್ನು ಫ್ರೇಮಿಗೆ ಹಿಡಿದಿಡುವ ರೈಲಿನಲ್ಲಿ (ಹಳಿಯಂಥ ಪಟ್ಟಿಯಲ್ಲಿ) ಒಂದಿಷ್ಟೇ ಇಷ್ಟು ಆಡುತ್ತಿತ್ತು. ಆಡಿದಾಗೆಲ್ಲ ಬ್ಲೇಡ್ ಉಜ್ಜಿ ಲೇಪನ ಸವೆಯುತ್ತದೆ, ಉಜ್ಜಿದ ಪುಡಿ ಗಾಳಿಗೆ ಆಕ್ಸೈಡ್ ಆಗಿ ನಡುವೆ ಕೂರುತ್ತದೆ. ಇದನ್ನು ಮರಳು ಕಾಗದದಿಂದ ಉಜ್ಜಿ ಸರಿಮಾಡಲು ಹೋಗಬೇಡಿ. ಉಳಿದ ಲೇಪನವೂ ಹೋಗಿ ಇನ್ನೂ ಬೇಗ ಹಾಳಾಗುತ್ತದೆ. ಬರೀ ಒಂದು ಬದಿ ಬದಲಿಸಿದರೂ ಪ್ರಯೋಜನವಿಲ್ಲ, ಸವೆದ ಬದಿ ಹೊಸದನ್ನೂ ಕೆಡಿಸುತ್ತದೆ.

ಹೊಸ ಬೇಸ್ ತರಿಸಿದರೆ ಬಂದದ್ದು 4 ಬ್ಲೇಡಿನದು. ನನ್ನ ಪ್ಯಾಕ್ 5 ಬ್ಲೇಡಿನದು. ಫೋಟೊ, ಅಳತೆ ಎಲ್ಲ ಕಳಿಸಿದ್ದೆ! ಬದಲಿಸಿ ಕೊಡಿ ಎಂದರೆ "ಹೊರಗಿನಿಂದ ಒಂದೇ ಥರ ಕಾಣುತ್ತದಲ್ಲ" ಎಂಬ ಉತ್ತರ. ಕೊನೆಗೆ ಬೇರೆ ಕಡೆಯಿಂದ ಎರಡು ಬದಿಯ ಜೋಡಿ ಸಿಕ್ಕಿತು. ಪ್ಯಾಕಿನ ಬದಿ ಬದಲಿಸುವಾಗ ಸೆಲ್‌ಗಳು ಯಾವಾಗಲೂ ಜೀವಂತ ಅನ್ನೋದು ನೆನಪಿರಲಿ, ಅವನ್ನು ಆಫ್ ಮಾಡುವ ಸ್ವಿಚ್ ಇಲ್ಲ. ಒಂದು ಸಲಕ್ಕೆ ಒಂದೇ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಮುಂದಿನದು. ಅಭ್ಯಾಸವಿಲ್ಲದವರು ಪ್ಯಾಕ್ ರಿಪೇರಿ ಮಾಡುವವರ ಕೈಗೇ ಕೊಡುವುದು ವಾಸಿ. ರೈಲಿನ ಎರಡೂ ಬದಿಗೆ ತೆಳ್ಳನೆಯ ರಬ್ಬರ್ ಪಟ್ಟಿ ಅಂಟಿಸಿದೆ, ಫ್ರೇಮಿನ ಸುತ್ತ ಒಂದು ವೆಲ್‌ಕ್ರೋ ಬೆಲ್ಟ್ ಬಿಗಿದೆ. ಈಗ ಕೈಯಿಂದ ಎಳೆದಾಡಿದರೂ ಪ್ಯಾಕ್ ಅಲುಗಲ್ಲ. ಅದೇ ಏರು, ಅದೇ 15 ಆಂಪ್, ಮೀಟರ್ 0.05. ಡಿಸ್‌ಪ್ಲೇ ಕಪ್ಪಾಗಲಿಲ್ಲ. ಮೇಲೆ ತಲುಪಿ ಸುಮ್ನೆ ಕೂತು ನಕ್ಕೆ.

ಈಗ ಆಯ್ಕೆಯ ಮಾತು. ಕಡಿಮೆ ಬೆಲೆಯ ಬೈಕ್ ನೋಡಲು ಹೋದರೆ ಮೊದಲು ಬ್ಯಾಟರಿಗೆ ಬೀಗ ಹಾಕಿ ಹಿಡಿದು ಅಲುಗಾಡಿಸಿ. ಟಕಟಕ ಅಂದರೆ ರಸ್ತೆಗೆ ಸರಿ, ಟ್ರೇಲಿಗೆ ಹಾಗೇ ಒಯ್ಯಬೇಡಿ. ಮೋಟಾರಿನ ವ್ಯಾಟ್ ಆಮೇಲೆ ಕೇಳಿ, ಕಂಟ್ರೋಲರ್ ಎಷ್ಟು ಆಂಪ್, ಬಿಎಂಎಸ್ ಎಷ್ಟು ಆಂಪ್ ಅಂತ ಮೊದಲು ಕೇಳಿ. ಎರಡನೆಯದು ಮೊದಲಿನದಕ್ಕಿಂತ ಆರಾಮಾಗಿ ಜಾಸ್ತಿ ಇರಬೇಕು.

ಹಬ್ ಮೋಟಾರೋ ಮಿಡ್ ಡ್ರೈವೋ ಎಂಬ ಜಗಳದಲ್ಲಿ ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಮೋಟಾರುಗಳ ನ್ಯೂಟನ್ ಮೀಟರನ್ನು (ತಿರುಗಿಸುವ ಬಲದ ಅಳತೆಯನ್ನು) ಹಾಗೇ ಪಕ್ಕಪಕ್ಕ ಇಡಬಾರದು. ಹಬ್‌ನ 45 ನ್ಯೂಟನ್ ಮೀಟರ್ ನೇರ ಚಕ್ರದಲ್ಲಿ ಸಿಗುತ್ತದೆ, ಯಾವ ಗೇರಿನಲ್ಲೂ ಅಷ್ಟೇ. ಮಿಡ್ ಡ್ರೈವ್‌ನ 80 ಸಿಗುವುದು ಕ್ರ್ಯಾಂಕಿನಲ್ಲಿ, ಅಂದರೆ ಪೆಡಲ್‌ಗಳು ತಿರುಗಿಸುವ ಅಚ್ಚಿನಲ್ಲಿ. ಮುಂದೆ 32 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಚಕ್ರಕ್ಕೆ 105. ಹಿಂದೆ 11 ಹಲ್ಲಿಗೆ ಹಾಕಿದರೆ 27.5. ಸವಾರನೂ ಬೈಕೂ ಸೇರಿ 100 ಕೆಜಿ, 20 ಶೇಕಡಾ ಏರು, 27.5 ಇಂಚಿನ ಚಕ್ರ ಎಂದರೆ ಚಕ್ರದಲ್ಲಿ ಸುಮಾರು 70 ನ್ಯೂಟನ್ ಮೀಟರ್ ಬೇಕು. ಹಬ್‌ಗೆ ಉಳಿದದ್ದನ್ನು ನಿಮ್ಮ ಕಾಲು ಕೊಡಬೇಕು. ಅದೂ ಅಲ್ಲದೆ ನಿಧಾನಕ್ಕೆ ತಿರುಗುವ ಹಬ್ ಮೋಟಾರು ಕರೆಂಟಿನ ದೊಡ್ಡ ಪಾಲನ್ನು ಶಾಖವಾಗಿ ಕಳೆಯುತ್ತದೆ. ದಿನನಿತ್ಯದ ಓಡಾಟವೇ ಮುಖ್ಯ, ವಾರಕ್ಕೊಮ್ಮೆ ಹದವಾದ ಮಣ್ಣುಹಾದಿ ಅನ್ನುವವರಿಗೆ ಹಬ್ ಮೋಟಾರೇ ಒಳ್ಳೆಯದು. ಚೈನು, ಕ್ಯಾಸೆಟ್ ಬೇಗ ಸವೆಯಲ್ಲ, ನಿರ್ವಹಣೆ ಕಡಿಮೆ. ನಿಜವಾದ ಏರು ಹತ್ತುವವರು ಮಿಡ್ ಡ್ರೈವ್‌ಗೇ ದುಡ್ಡು ಕೂಡಿಡಿ. ಆದರೆ ಬಾಷ್ ಅಥವಾ ಶಿಮಾನೊ ಮೋಟಾರಿರುವ ಹಳೆಯ ಬೈಕ್ ಕೊಳ್ಳುವ ಮುಂಚೆ ಬ್ಯಾಟರಿಯ ಸ್ಥಿತಿ ನೋಡಿಕೊಳ್ಳಿ. ಅಲ್ಲಿ ಬ್ಯಾಟರಿ ಆ ವ್ಯವಸ್ಥೆಗೇ ಸೇರಿದ್ದು, ಯಾವುದೋ ಒಂದನ್ನು ತಂದು ಕೂರಿಸಲು ಆಗಲ್ಲ.

ಇನ್ನೊಂದು ಮಾತು, ಸೆನ್ಸರ್ ಬಗ್ಗೆ. ಕೇಡೆನ್ಸ್ ಸೆನ್ಸರ್‌ಗೆ ಪೆಡಲ್ ತಿರುಗುತ್ತಿದೆಯೋ ಇಲ್ಲವೋ ಅಷ್ಟೇ ಗೊತ್ತು, ಎಷ್ಟು ಜೋರಾಗಿ ತುಳಿಯುತ್ತೀರಿ ಎಂದು ಗೊತ್ತಿಲ್ಲ. ರಸ್ತೆಯಲ್ಲಿ ಇದು ಆರಾಮ. ಟ್ರೇಲಿನ ಬಿಗಿ ತಿರುವಿನಲ್ಲಿ ಪೆಡಲ್ ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ಳುತ್ತದೆ, ಅದು ಅಪಾಯ. ಟಾರ್ಕ್ ಸೆನ್ಸರ್ ಇದ್ದರೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ.

ಅದಕ್ಕೇ ಮುಂದಿನ ಯೋಜನೆ ಟೋಂಗ್‌ಶೆಂಗ್ ಟಿಎಸ್‌ಡಿಝಡ್2. ಟಾರ್ಕ್ ಸೆನ್ಸರ್ ಒಳಗೇ ಇರುವ ಮಿಡ್ ಡ್ರೈವ್ ಕಿಟ್, ಹವ್ಯಾಸಿಗಳು ಬರೆದ ಓಪನ್ ಸೋರ್ಸ್ ಫರ್ಮ್‌ವೇರ್ ಕೂಡ ಇದೆ. ಮನೆಯಲ್ಲಿ ಒಂದು ಹಳೆಯ ಸ್ಟೀಲ್ ಹಾರ್ಡ್‌ಟೇಲ್ ಫ್ರೇಮ್ ಇದೆ, ಅದರ ಬಾಟಮ್ ಬ್ರಾಕೆಟ್ ಶೆಲ್ (ಪೆಡಲ್ ಅಚ್ಚು ಕೂರುವ ಕೊಳವೆ) 68 ಮಿಲಿಮೀಟರೋ 73 ಮಿಲಿಮೀಟರೋ ಮೊದಲು ಅಳೆಯಬೇಕು. ಕಿಟ್ ಜೊತೆ ಬರುವ 42 ಹಲ್ಲಿನ ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಏರಿಗೆ ತೀರಾ ದೊಡ್ಡದು. 34ಕ್ಕೆ ಇಳಿಸಿದವರು ಇದ್ದರೆ ಚೈನ್‌ಲೈನ್ (ಚೈನು ಸಾಗುವ ಗೆರೆ) ಎಷ್ಟು ಹೊರಗೆ ಬಂತು, ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ, ಅಂದರೆ ಚೈನ್‌ಸ್ಟೇಗೆ ತಾಗಿತಾ ಅಂತ ದಯವಿಟ್ಟು ಹೇಳಿ. ಸಣ್ಣ ಚೈನ್‌ರಿಂಗ್ ಕೂರಿಸುವ ಅಡಾಪ್ಟರ್ ತರಿಸುವುದು ಅದಾದ ಮೇಲೆಯೇ.