ಅಮೆರಿಕದ ಗಡಿಯಾರ ಮುಂದೆ ಹೋದ ಸೋಮವಾರ

ಮನೆಯಲ್ಲಿ ಕೂತು ವರ್ಚುವಲ್ ಅಸಿಸ್ಟೆಂಟ್ ಕೆಲಸ, ಅಂದರೆ ದೂರದ ಗ್ರಾಹಕರ ಇಮೇಲು, ಕರೆ, ಕಾಗದಪತ್ರಗಳನ್ನು ನೆಟ್‌ನಲ್ಲೇ ನೋಡಿಕೊಳ್ಳುವ ಕೆಲಸ, ಶುರು ಮಾಡಿದವರಿಗೆ ಮೊದಲ ಪೆಟ್ಟು ಬೀಳುವುದು ಹೆಚ್ಚಾಗಿ ಮಾರ್ಚ್‌ನಲ್ಲಿ. ಆ ತಿಂಗಳ ಎರಡನೇ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ಮಾರ್ಚ್ 8. ಸೋಮವಾರ ಎದ್ದು ನೋಡಿದರೆ ಇಲ್ಲಿ ಎಲ್ಲಾ ಹಾಗೇ ಇರುತ್ತದೆ. ಹಾಲಿನವನು ಅದೇ ಹೊತ್ತಿಗೆ, ಶಾಲೆ ವ್ಯಾನು ಅದೇ ಎಂಟೂ ನಲವತ್ತಕ್ಕೆ. ಮಕ್ಕಳಿಗೆ ವಾರ್ಷಿಕ ಪರೀಕ್ಷೆಯ ಗಡಿಬಿಡಿ ಬೇರೆ. ಅಮೆರಿಕದ ಗ್ರಾಹಕರ ದಿನ ಮಾತ್ರ ಒಂದು ಗಂಟೆ ಮೊದಲೇ ಶುರುವಾಗಿರುತ್ತದೆ.

ಆ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಬಿಡಿಸಿ ನೋಡಿದರೆ ಈ ವ್ಯವಹಾರ ಹೆಚ್ಚುಕಮ್ಮಿ ಪೂರ್ತಿ ಅರ್ಥವಾಗುತ್ತದೆ. ಲೆಕ್ಕಕ್ಕೆ ಮೂವರು ಗ್ರಾಹಕರು ಇದ್ದಾರೆ ಅಂದುಕೊಳ್ಳಿ: ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡದವರೊಬ್ಬರು, ಲಂಡನ್ನಿನಲ್ಲಿ ಒಳಾಂಗಣ ವಿನ್ಯಾಸ ಮಾಡುವವರೊಬ್ಬರು, ನ್ಯೂಯಾರ್ಕಿನಲ್ಲಿ ಪಾಡ್‌ಕಾಸ್ಟ್ ನಡೆಸುವವರೊಬ್ಬರು.

ಕ್ಯಾಲಿಫೋರ್ನಿಯಾದವರು ಊಟ ಮುಗಿಸಿ ಮಾತಿಗೆ ಸಿಗುವುದು ಅಲ್ಲಿಯ ರಾತ್ರಿ 8ಕ್ಕೆ. ಚಳಿಗಾಲದಲ್ಲಿ ಅದು ನಮ್ಮ ಬೆಳಗಿನ 9:30. ಮಕ್ಕಳು ಹೋಗಿ ಮನೆ ತಣ್ಣಗಾಗಿರುವ ಹೊತ್ತು. ಮಾರ್ಚ್ 8ರ ನಂತರ ಅದೇ ಮಾತುಕತೆ 8:30ಕ್ಕೆ ಬಂದು ಕೂರುತ್ತದೆ. ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಇನ್ನೊಂದರಲ್ಲಿ ಶೂ ಲೇಸು. ಅದಕ್ಕೇ ಈ ಕರೆಯನ್ನು ಹಿಂದಿನ ವಾರವೇ ಅವರ 9 ಗಂಟೆಗೆ ಒಪ್ಪಿಸಿಕೊಂಡಿರಬೇಕು. ಭಾನುವಾರ ರಾತ್ರಿ ಕೇಳಿದರೆ ತಡವಾಯಿತು.

ಇಂಥ ಗ್ರಾಹಕರಿಗೆ ಬೇಕಾಗುವುದು ಊರಿನ ಕಾಗದಪತ್ರದ ಕೆಲಸ: ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ಪಹಣಿ ತೆಗೆಯುವುದು, ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪತ್ರಕ್ಕೆ ಅರ್ಜಿ, ಮನೆ ಕಂದಾಯದ ತಾರೀಖು ನೆನಪಿಡುವುದು, ಅಪ್ಪ ಅಮ್ಮನ ಡಾಕ್ಟರ್ ಅಪಾಯಿಂಟ್‌ಮೆಂಟು. ಕನ್ನಡ ಓದಲು ಬರೆಯಲು ಬರುವುದು ಇಲ್ಲಿ ನಿಜವಾದ ಬಂಡವಾಳ. ಬೇರೆ ದೇಶದ ಅಸಿಸ್ಟೆಂಟ್ ಎಷ್ಟೇ ಕಡಿಮೆ ದರ ಹೇಳಿದರೂ ಈ ಕೆಲಸ ಅವರ ಕೈಗೆ ಹೋಗುವುದಿಲ್ಲ. ಆದರೆ ಒಂದು ಪಹಣಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್‌ನಾಕ್, ಹಿಸ್ಸಾ (ಸರ್ವೆ ನಂಬರಿನೊಳಗಿನ ಭಾಗಗಳ ಗುರುತು), ಇಷ್ಟೂ ಬೇಕು. ಗ್ರಾಹಕರ ಹತ್ತಿರ ಇರುವುದು "ಅಜ್ಜನ ತೋಟ, ಕೆರೆ ಪಕ್ಕದ್ದು" ಎಂಬ ಮಾಹಿತಿ. ಸರ್ವೆ ನಂಬರಿದ್ದು ಹಿಸ್ಸಾ ಗೊತ್ತಿಲ್ಲದೆ ಹುಡುಕಿದರೆ ದಾಯಾದಿಗಳ ಪಾಲಿನ ಪಹಣಿ ತೆರೆದುಕೊಳ್ಳುತ್ತದೆ. ಹೆಸರು ಓದದೆ ಅದನ್ನೇ ಕಳಿಸಿಬಿಟ್ಟರೆ ಅಲ್ಲಿಗೆ ನಂಬಿಕೆ ಹೋಯಿತು. ಆದ್ದರಿಂದ ಕೆಲಸ ಒಪ್ಪಿಕೊಂಡ ದಿನವೇ ಹಳೆಯ ಪಹಣಿ ಅಥವಾ ಕ್ರಯಪತ್ರದ ಫೋಟೋ ತರಿಸಿಕೊಂಡು, ಈ ವಿವರವನ್ನೆಲ್ಲ ಒಂದು ಹಾಳೆಗೆ ಇಳಿಸಿಟ್ಟುಕೊಳ್ಳಬೇಕು.

ಓಟಿಪಿ ಮಾಲೀಕರ ಮೊಬೈಲಿಗೇ ಹೋಗುವಂತಿರಲಿ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡು ಅವರಾಗಿಯೇ ಕೊಟ್ಟರೂ ಬೇಡ ಎನ್ನಬೇಕು. ಕಟ್ಟಬೇಕಾದ ಮೊತ್ತ ಮತ್ತು ಕೊಂಡಿ ಸಿದ್ಧಮಾಡಿ ಕಳಿಸಿ, ಹಣ ಅವರೇ ಕಟ್ಟಲಿ. ನಾಳೆ ಖಾತೆಯಲ್ಲಿ ಏನೇ ಹೆಚ್ಚುಕಮ್ಮಿ ಆದರೂ ಮೊದಲ ಅನುಮಾನ ಪಾಸ್‌ವರ್ಡು ಗೊತ್ತಿದ್ದವರ ಮೇಲೇ.

9:30ಕ್ಕೆ ನಿಜವಾದ ದುಡಿಮೆ ಶುರು. ಹೊಸಬರು ಎಡವುವ ದೊಡ್ಡ ಜಾಗವೂ ಇದೇ, ಗಂಟೆಗಳ ಲೆಕ್ಕ. ಹಾಳೆಯ ಮೇಲೆ ಸಿಗುವುದು ಬೆಳಗ್ಗೆ 9:30ರಿಂದ 12:30ರವರೆಗೆ ಮೂರು ಗಂಟೆ, ಊಟ ಪಾತ್ರೆ ಮುಗಿದ ಮೇಲೆ 2ರಿಂದ 3:30ರವರೆಗೆ ಒಂದೂವರೆ, ರಾತ್ರಿ 8:30ರಿಂದ 10ರವರೆಗೆ ಒಂದೂವರೆ. ಒಟ್ಟು ಆರು. ಲೆಕ್ಕಕ್ಕೆ ಹಿಡಿಯಬೇಕಾದ್ದು ನಾಲ್ಕೇ. ಮಿಕ್ಕ ಎರಡು ಗಂಟೆಯನ್ನು ಮಗುವಿನ ಜ್ವರ, ಶಾಲೆಯ ಮೀಟಿಂಗು, ಹೇಳದೆ ಬರುವ ನೆಂಟರು ತಿಂದೇ ತಿನ್ನುತ್ತಾರೆ. "ಹೇಗೂ ಮನೇಲೇ ಇರ್ತೀಯಲ್ಲಮ್ಮ, ಸಿಲಿಂಡರ್ ಬಂದ್ರೆ ತಗೊಂಡಿಡು" ಅನ್ನುವ ಪಕ್ಕದ ಮನೆಯವರ ಪಾಲೂ ಅದರಲ್ಲೇ ಸೇರಿದೆ. ದಿನಕ್ಕೆ ನಾಲ್ಕರಂತೆ ವಾರಕ್ಕೆ 20, ತಿಂಗಳಿಗೆ 80. ಮೂವರು ಗ್ರಾಹಕರಿಗೆ ಹಂಚಬೇಕಾದ್ದು 60 ಗಂಟೆ. ಉಳಿದದ್ದು ಬಿಲ್ಲು, ಹೊಸ ಗ್ರಾಹಕರ ಹುಡುಕಾಟ, ಕಲಿಕೆಗೆ. ಮೊದಲ ಮೂರು ತಿಂಗಳು ಒಬ್ಬರೇ ಗ್ರಾಹಕರು, 20 ಗಂಟೆ, ಅಷ್ಟಿದ್ದರೆ ಸಾಕು. ಮನೆಯ ಗಂಟೆ ಗೊತ್ತಾದ ಮೇಲೆ ಯಾವ ದೇಶದ ಗ್ರಾಹಕರು ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ದಿನವಿಡೀ ಫೋನ್ ಎತ್ತಬೇಕಾದ ಅಮೆರಿಕದ ಕೆಲಸ ಒಗ್ಗುವುದಿಲ್ಲ, ಎಷ್ಟೇ ಡಾಲರ್ ಕೊಟ್ಟರೂ.

ಕ್ಯಾಲಿಫೋರ್ನಿಯಾದ ಕರೆ ಮುಗಿದ ಮೇಲೆ ಮೊದಲ ಕೆಲಸ ಲಂಡನ್ ಗ್ರಾಹಕರ ಇನ್‌ಬಾಕ್ಸ್. ಅವರ ಪಾಸ್‌ವರ್ಡು ಬೇಕಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನ ಅಕೌಂಟ್ಸ್ ವಿಭಾಗದಲ್ಲಿ ನಮ್ಮ ವಿಳಾಸವನ್ನು ಪ್ರತಿನಿಧಿಯಾಗಿ (ಡೆಲಿಗೇಟ್) ಸೇರಿಸಲು ಅವರಿಗೆ ಹೇಳಬೇಕು. ಬರುವ ಆಹ್ವಾನವನ್ನು ಒಂದು ವಾರದೊಳಗೆ ಒಪ್ಪಿಕೊಳ್ಳಬೇಕು. ಒಪ್ಪಿದ ಕೂಡಲೇ ಕಾಣದಿದ್ದರೆ ಗಾಬರಿ ಬೇಡ, ಒಂದು ದಿನದವರೆಗೂ ಹಿಡಿಯಬಹುದು. ಓದುವುದು, ಉತ್ತರಿಸುವುದು, ಅಳಿಸುವುದು ಎಲ್ಲಾ ಆಗುತ್ತದೆ, ಪಾಸ್‌ವರ್ಡು ಬದಲಿಸಲು ಆಗದು. ಮೊದಲ ಎರಡು ವಾರ ಒಂದೂ ಉತ್ತರ ನೇರವಾಗಿ ಕಳಿಸಬಾರದು. ಡ್ರಾಫ್ಟ್ ಮಾಡಿಟ್ಟರೆ ಅವರು ತಿದ್ದಿ ಕಳಿಸುತ್ತಾರೆ. ಆ ತಿದ್ದುಪಡಿಗಳನ್ನು ಕೂತು ಓದಿದರೆ ಯಾರಿಗೆ 'ಡಿಯರ್', ಯಾರಿಗೆ ಬರೀ ಹೆಸರು, ಯಾರ ಬೆಲೆ ಚೌಕಾಸಿಗೆ ಏನುತ್ತರ ಎಂಬುದು ಗೊತ್ತಾಗುತ್ತದೆ. ಆ ಕಲಿಕೆಯನ್ನು ಯಾವ ಕೋರ್ಸೂ ಕೊಡುವುದಿಲ್ಲ. ಲೇಬಲ್ಲು ಮೂರೇ ಸಾಕು: ಇವತ್ತೇ ಉತ್ತರ, ಅವರೇ ನೋಡಬೇಕು, ಎದುರಿನವರಿಗಾಗಿ ಕಾಯುತ್ತಿದೆ. ಹನ್ನೆರಡು ಲೇಬಲ್ ಮಾಡಿದವರು ತಿಂಗಳೊಳಗೆ ಎಲ್ಲವನ್ನೂ ಬಿಟ್ಟಿರುತ್ತಾರೆ.

ತಾರೀಖನ್ನು ಅಂಕಿಯಲ್ಲಿ ಬರೆಯಲೇಬಾರದು. 04/03 ನಮಗೂ ಲಂಡನ್‌ಗೂ ಮಾರ್ಚ್ 4, ನ್ಯೂಯಾರ್ಕಿಗೆ ಏಪ್ರಿಲ್ 3. ತಿಂಗಳನ್ನು ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ವಾರ ಸೇರಿಸಿದರೆ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ.

ಹನ್ನೊಂದಕ್ಕೆ ಕರೆಂಟು ಹೋಗುತ್ತದೆ. ಬೇಸಿಗೆ ಶುರುವಿನಲ್ಲಿ ಲೈನ್ ದುರಸ್ತಿ ಇದ್ದದ್ದೇ. ಹೊಸಬರು ರೂಟರಿಗೆ ಒಂದು ಮಿನಿ ಯುಪಿಎಸ್ ತಂದು ಕೂರಿಸಿ ಗೆದ್ದೆವು ಅಂದುಕೊಳ್ಳುತ್ತಾರೆ. ವೈಫೈ ದೀಪ ಉರಿಯುತ್ತಿರುತ್ತದೆ, ನೆಟ್ ಇರುವುದಿಲ್ಲ. ಕಾರಣ, ಕೆಲವು ಮನೆಗಳಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆಯೇ ಬೇರೆ, ವೈಫೈ ರೂಟರೇ ಬೇರೆ, ಅಡಾಪ್ಟರುಗಳೂ ಎರಡು. ಎರಡಕ್ಕೂ ಯುಪಿಎಸ್ ಸಂಪರ್ಕ ಬೇಕು. ಕೊಳ್ಳುವ ಮೊದಲು ಅಡಾಪ್ಟರುಗಳ ಹಿಂದೆ ಅಚ್ಚಾಗಿರುವ ವೋಲ್ಟು, ಆಂಪಿಯರ್ ಓದಿ. ಎರಡೂ 12 ವೋಲ್ಟ್, 1 ಆಂಪಿಯರ್ ಇದ್ದರೆ ಯುಪಿಎಸ್ ಒಟ್ಟು 2 ಆಂಪಿಯರ್‌ಗಿಂತ ಕಡಿಮೆಯದ್ದು ನಡೆಯದು. ಒಂದು 9 ವೋಲ್ಟಿನದಾದರೆ ಅದಕ್ಕೆ ಬೇರೆ ಔಟ್‌ಪುಟ್ ಇರುವ ಯುಪಿಎಸ್ಸೇ ಬೇಕು. ಮಲೆನಾಡಿನವರು ಇನ್ನೊಂದು ಅಭ್ಯಾಸ ಇಟ್ಟುಕೊಂಡಿರುತ್ತಾರೆ: ಗುಡುಗು ಕೇಳಿದ ತಕ್ಷಣ ಪ್ಲಗ್ ಕೀಳುವುದು. ಆಗ ಉಳಿಯುವುದು ಮೊಬೈಲ್ ಹಾಟ್‌ಸ್ಪಾಟ್. ಅದರ ಸಿಮ್ಮು ಮನೆಯ ಫೈಬರ್‌ಗಿಂತ ಬೇರೆ ಕಂಪನಿಯದಾಗಿರಲಿ, ಇಲ್ಲದಿದ್ದರೆ ಎರಡೂ ಒಟ್ಟಿಗೇ ಕೈಕೊಡಬಹುದು.

ನಡುವೆ ದುಡ್ಡಿನ ವಿಷಯ. ಗಂಟೆಗೆ 8 ಡಾಲರ್‌ನಂತೆ ತಿಂಗಳಿಗೆ 20 ಗಂಟೆ, 160 ಡಾಲರ್. ಲೆಕ್ಕಕ್ಕೆ ಡಾಲರ್‌ಗೆ 85 ರೂಪಾಯಿ ಅಂದರೂ 13,600, ಗಂಟೆಗೆ 680. ಫ್ರೀಲಾನ್ಸ್ ಕೆಲಸ ಸಿಗುವ ಫೈವರ್ ತಾಣದ ಮೂಲಕ ಬಂದ ಕೆಲಸವಾದರೆ ಅದರಲ್ಲಿ ಶೇ. 20 ಅವರದು, ಕೈಗೆ 128 ಡಾಲರ್, 10,880 ರೂಪಾಯಿ. ಇಪ್ಪತ್ತು ಗಂಟೆ ಬಿಲ್ ಮಾಡಲು ಬಿಲ್ ಮಾಡಲಾಗದ ಆರು ಗಂಟೆಯಾದರೂ ಸವೆಯುತ್ತದೆ: ಪ್ರಸ್ತಾವನೆ ಬರೆಯುವುದು, ಸಂದೇಹ ಕೇಳುವುದು, ಇನ್‌ವಾಯ್ಸು. 26ರಿಂದ ಭಾಗಿಸಿದರೆ ಗಂಟೆಗೆ 418. ನೆಟ್ಟು, ಕರೆಂಟು ಇನ್ನೂ ಕಳೆದಿಲ್ಲ. ದರ ಹೇಳುವ ಮೊದಲು ಈ ಭಾಗಾಕಾರ ಮಾಡಿಕೊಳ್ಳದವರು ಆರು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ.

ನೇರ ಗ್ರಾಹಕರಾದರೆ ತಿಂಗಳ ಹಣ ಮುಂಗಡ. 25ನೇ ತಾರೀಖು ಇನ್‌ವಾಯ್ಸ್ ಹೋಗಬೇಕು: ಕ್ರಮಸಂಖ್ಯೆ, ತಾರೀಖು, ಇಬ್ಬರ ವಿಳಾಸ, ಸೇವೆಯ ವಿವರ, ಗಂಟೆ, ಯಾವ ಕರೆನ್ಸಿ, ಬ್ಯಾಂಕಿನ ಸ್ವಿಫ್ಟ್ ಕೋಡ್. ವಿದೇಶದ ಹಣ ತರಿಸಿಕೊಳ್ಳಲು ಪೇಪಾಲ್ ಸುಲಭ, ಹಣ ತಾನಾಗಿ ಬ್ಯಾಂಕಿಗೆ ಇಳಿಯುತ್ತದೆ, ಆದರೆ ಶುಲ್ಕದ ಜೊತೆ ವಿನಿಮಯ ದರದಲ್ಲೂ ಒಂದಿಷ್ಟು ಕೊಯ್ಯುತ್ತದೆ. ಅಂಥದೇ ಸೇವೆಗಳಾದ ವೈಸ್, ಪಯೋನೀರ್ ಜೊತೆ ಹೋಲಿಸುವಾಗ ಶುಲ್ಕ ನೋಡಬೇಡಿ, ಖಾತೆಗೆ ಕೊನೆಗೆ ಬಿದ್ದ ರೂಪಾಯಿ ನೋಡಿ. ವಿದೇಶದಿಂದ ಹಣ ಬಂದ ಪ್ರತಿ ಸಲವೂ ಅದರ ರವಾನೆ ಪತ್ರವನ್ನು ಇಳಿಸಿಕೊಂಡು ಒಂದೇ ಫೋಲ್ಡರಿನಲ್ಲಿಡಿ. ರಿಟರ್ನ್ಸ್ ಹಾಕುವಾಗ ಆಡಿಟರ್ ಕೇಳುವುದು ಅದನ್ನೇ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸೇವೆ ಒದಗಿಸುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಆದಾಯ ತೆರಿಗೆಯದು ಬೇರೆಯೇ ಲೆಕ್ಕ. ವರ್ಷದ ತೆರಿಗೆ 10,000 ರೂಪಾಯಿ ಮುಟ್ಟುವಂತಿದ್ದರೆ ಮುಂಗಡ ತೆರಿಗೆ ಕಟ್ಟಬೇಕು, ಅದರ ಕೊನೆಯ ತಾರೀಖು ಮಾರ್ಚ್ 15. ಅಂದರೆ ಇದೇ ವಾರ.

ಮೋಸದ ಬಗ್ಗೆ ಒಂದು ಮಾತು. ಕೆಲಸ ಕೊಡಲು ನೋಂದಣಿ ಶುಲ್ಕ ಕೇಳಿದರೆ ಅದು ಕೆಲಸವಲ್ಲ. ಪುಟಗಟ್ಟಲೆ ಟೈಪ್ ಮಾಡಿಸಿ, ತಪ್ಪು ಹೆಚ್ಚಿದೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟಿ ಎಂದು ವಕೀಲರ ಹೆಸರಲ್ಲಿ ಹೆದರಿಸುವ ಜಾಲವೂ ಇದೆ. ಹೆದರಿ ಕಟ್ಟಬೇಡಿ, ಸೈಬರ್ ಸಹಾಯವಾಣಿ 1930.

ಲಂಡನ್ನಿನ ಸಾಪ್ತಾಹಿಕ ಕರೆ ಅಲ್ಲಿಯ ಬೆಳಗಿನ 10ಕ್ಕೆ, ಅಂದರೆ ನಮ್ಮ 3:30. ಬ್ರಿಟನ್ ಗಡಿಯಾರ ತಿರುಗಿಸುವುದು ಮಾರ್ಚ್ ಕೊನೆಯ ಭಾನುವಾರ, ಈ ವರ್ಷ 29. ಅಲ್ಲಿಯವರೆಗೆ, ಅಂದರೆ ಮೂರು ವಾರ, ನ್ಯೂಯಾರ್ಕಿಗೂ ಲಂಡನ್ನಿಗೂ ಇರುವ ಅಂತರ ಐದು ಗಂಟೆಯ ಬದಲು ನಾಲ್ಕು. ಇಬ್ಬರನ್ನೂ ಒಂದೇ ಕರೆಗೆ ಸೇರಿಸುವವರು ಬಾಯಿಲೆಕ್ಕ ನಂಬಬಾರದು. 3:30 ಅಂದರೆ ವ್ಯಾನು ಬರುವ ಹೊತ್ತೂ ಹೌದು. ಬಾಗಿಲು ತೆಗೆದು, ಕೈಕಾಲು ತೊಳೆಸಿ, ಏನಾದರೂ ತಿನ್ನಲು ಕೊಡುವುದಕ್ಕೆ ಅರ್ಧ ಗಂಟೆ ಬೇಕು, ಅದನ್ನು ಅತ್ತೆಯವರೋ ಮಾವನವರೋ ವಹಿಸಿಕೊಳ್ಳಬೇಕು. ಅವರಿಗೆ "ಕೆಲಸ ಇದೆ" ಅಂದರೆ ಸಾಲದು. "ಅತ್ತೆ, ಸೋಮವಾರ ಮೂರೂವರೆಯಿಂದ ನಾಲ್ಕೂಕಾಲು, ರೂಮಿನ ಬಾಗಿಲು ಹಾಕಿರ್ತೀನಿ, ಕುಕ್ಕರು ನಾಲ್ಕೂವರೆಗೆ ಇಡೋಣ" ಎಂದು ಗಂಟೆ ಹಿಡಿದು ಹೇಳಬೇಕು. ಹೆಡ್‌ಸೆಟ್ಟಿನ ಮೈಕು ಬಾಯಿಯ ಹತ್ತಿರವಿದ್ದರೆ ಮಿಕ್ಸಿಯ ಸದ್ದನ್ನು ಸ್ವಲ್ಪ ತಡೆದೀತು, ವಿಷಲ್ಲನ್ನು ತಡೆಯದು.

ಇನ್ನು ನ್ಯೂಯಾರ್ಕ್. ಅಲ್ಲಿಯ ಬೆಳಗಿನ 10 ಗಂಟೆಯ ಕರೆ ಫೆಬ್ರುವರಿಯಲ್ಲಿ ನಮ್ಮ ರಾತ್ರಿ 8:30ಕ್ಕಿತ್ತು, ಇವತ್ತಿನಿಂದ 7:30. ಕ್ಯಾಲೆಂಡರ್‌ನಲ್ಲಿ ಆ ಕರೆಯನ್ನು ಭಾರತದ ಸಮಯದಲ್ಲಿ ಹಾಕಿದ್ದವರಿಗೆ ಅದು ಈಗಲೂ 8:30 ಎಂದೇ ತೋರಿಸುತ್ತದೆ. ಗ್ರಾಹಕರ ಕ್ಯಾಲೆಂಡರ್‌ನಲ್ಲಿ ಅದು ಸದ್ದಿಲ್ಲದೆ 11ಕ್ಕೆ ಸರಿದಿರುತ್ತದೆ. ಅವರ 11ಕ್ಕೆ ಪಾಡ್‌ಕಾಸ್ಟ್ ಅತಿಥಿ ಬಂದು ಕೂತಿರುತ್ತಾರೆ. ಪರಿಹಾರ ಸಣ್ಣದು. ಈವೆಂಟ್ ಹಾಕುವಾಗ ಸಮಯದ ಪಕ್ಕದ ಟೈಮ್ ಝೋನ್ ಒತ್ತಿ, ಈಸ್ಟರ್ನ್ ಟೈಮ್ ಆರಿಸಿ, 10 ಎಂದು ಬರೆದು, ವಾರವಾರ ಮರುಕಳಿಸಲು ಹೇಳಿ. ಆಗ ಗಡಿಯಾರ ಅಲ್ಲಿ ಹೇಗೇ ತಿರುಗಿದರೂ ಅವರಿಗೆ 10 ಹತ್ತಾಗಿಯೇ ಇರುತ್ತದೆ, ಬದಲಾಗುವುದು ನಮ್ಮ ಕಡೆ. ಸೆಟ್ಟಿಂಗ್ಸ್‌ನಲ್ಲಿ ಎರಡನೇ ಟೈಮ್ ಝೋನ್ ತೋರಿಸಲು ಹೇಳಿದರೆ ಎರಡೂ ದೇಶದ ಗಂಟೆ ಅಕ್ಕಪಕ್ಕ ಕಾಣುತ್ತದೆ.

ಪರೀಕ್ಷೆಯ ತಿಂಗಳಲ್ಲಿ 7:30 ಅಂದರೆ ಮಕ್ಕಳ ಓದಿನ ಹೊತ್ತು. ಕರೆಯನ್ನು ವಾರಕ್ಕೊಂದಕ್ಕೆ ಇಳಿಸಿ, ಮಿಕ್ಕದ್ದನ್ನು ಬರಹದಲ್ಲಿ ಮುಗಿಸಲು ಒಪ್ಪಿಸುವುದು ಇದಕ್ಕೇ. ಹೆಚ್ಚಿನವರು ಒಪ್ಪುತ್ತಾರೆ, ಅವರು ಎದ್ದಾಗ ವರದಿ ಕಾಯುತ್ತಿರುತ್ತದೆ ಎಂಬುದು ಖಾತ್ರಿಯಾದರೆ. ವರದಿ ಐದು ಸಾಲು: ಮುಗಿದದ್ದು, ನಡೆಯುತ್ತಿರುವುದು, ಎಲ್ಲಿ ನಿಂತಿದೆ, ನೀವು ತೀರ್ಮಾನಿಸಬೇಕಾದ್ದು, ಈ ತಿಂಗಳಲ್ಲಿ ಉಳಿದ ಗಂಟೆ. ಕೊನೆಯ ಸಾಲು ಬಿಡಬೇಡಿ. "ಇದೊಂದು ಚಿಕ್ಕ ಕೆಲಸ" ಎಂದು ಬರುವ ಹತ್ತು ಚಿಕ್ಕ ಕೆಲಸಗಳಿಗೆ ಆ ಅಂಕಿಯೇ ಉತ್ತರ ಹೇಳುತ್ತದೆ, ನಾವು ಬಾಯಿ ಬಿಡಬೇಕಿಲ್ಲ.

ಈ ಸೋಮವಾರದ ವರದಿಗೆ ಆರನೆಯ ಸಾಲೊಂದಿದೆ. ಯುಗಾದಿ 19ರ ಗುರುವಾರ. ಹತ್ತು ದಿನ ಮೊದಲೇ, ಅಂದರೆ ಇವತ್ತೇ, ರಜೆ ತಿಳಿಸಿಬಿಡಬೇಕು. ಯುಗಾದಿ ಏನೆಂದು ವಿವರಿಸಲು ಹೋಗಬೇಡಿ. ಬುಧವಾರ ಏನೇನು ಮುಗಿದಿರುತ್ತದೆ, ಶುಕ್ರವಾರ ಎಷ್ಟು ಹೊತ್ತಿಗೆ ಸಿಗುತ್ತೀರಿ ಎಂದು ಬರೆದರೆ ಸಾಕು. ಲ್ಯಾಪ್‌ಟಾಪ್ ಮುಚ್ಚುವ ಮೊದಲು ಕ್ಯಾಲೆಂಡರ್‌ಗೆ ಇನ್ನೆರಡು ತಾರೀಖು: ಬ್ರಿಟನ್ ಗಡಿಯಾರ ಹಿಂದಕ್ಕೆ ಹೋಗುವ ಅಕ್ಟೋಬರ್ 25, ಅಮೆರಿಕದ್ದು ಹಿಂದಕ್ಕೆ ಹೋಗುವ ನವೆಂಬರ್ 1. ಆ ದಿನ ರಾಜ್ಯೋತ್ಸವ, ಅದೂ ಭಾನುವಾರ. ಮಾರನೇ ಸೋಮವಾರ ನ್ಯೂಯಾರ್ಕಿನ ಕರೆ ಮತ್ತೆ ರಾತ್ರಿ 8:30ಕ್ಕೆ.