ಸೂರಿನ ಸೀಸ

ಬಸ್ಸಿನಲ್ಲಿ ನಾನು ಅಕ್ಷರ ಕೂಡಿಸಿ ‘ರೀವಾಲ್ಕ್ಸ್’ ಎಂದು ಓದಿದಾಗ ಮಗ ನಕ್ಕ. ‘ರೀವೋ’ ಎನ್ನಬೇಕಂತೆ, ನಾವು ನೋಡಹೊರಟಿದ್ದ ಇಂಗ್ಲೆಂಡಿನ ಆ ಪಾಳುಬಿದ್ದ ಕ್ರೈಸ್ತ ಮಠವನ್ನು. ರೈ ನದಿಯ ಕಣಿವೆ ಎಂಬುದನ್ನು ಫ್ರಾನ್ಸಿನಿಂದ ಬಂದ ಸನ್ಯಾಸಿಗಳು ತಮ್ಮ ಬಾಯಿಗೆ ಒಗ್ಗುವಂತೆ ಮಾಡಿಕೊಂಡ ಹೆಸರು ಅದು.

ಉತ್ತರ ಯಾರ್ಕ್‌ಷೈರ್‌ನ ಹೆಲ್ಮ್ಸ್‌ಲಿ ಪೇಟೆಯಲ್ಲಿ ಇಳಿದು, ಹೊಲದಂಚು, ಕಾಡುದಾರಿ ಹಿಡಿದು ಮೂರು ಮೈಲಿ ನಡೆದೆವು. ಮರಗಳ ಸಂದಿಯಲ್ಲಿ ಕಲ್ಲಿನ ಕಮಾನುಗಳು ಕಂಡವು. ಹೆಂಡತಿ ಮಂಡಿನೋವನ್ನು ಮರೆತು ಫೋಟೊ ತೆಗೆಯತೊಡಗಿದಳು. ನಾನು ಮೂವತ್ತು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ಸವೆದವನು. ಎಲ್ಲಿ ಹೋದರೂ ಮೊದಲು ಕಣ್ಣು ಹೋಗುವುದು ಚರಂಡಿಯ ಕಡೆಗೆ.

ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದವರು 1132ರಲ್ಲಿ ಇಲ್ಲಿ ನೆಲೆಯೂರಿದರು. ಜಾಗ ಕೊಟ್ಟವನು ಹೆಲ್ಮ್ಸ್‌ಲಿಯ ಒಡೆಯ ವಾಲ್ಟರ್ ಎಸ್ಪೆಕ್. ಕೊಟ್ಟನೇನೋ ಸರಿ, ಆದರೆ ಎಂಥ ಜಾಗ! ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ. ಮೊಬೈಲಿನ ದಿಕ್ಸೂಚಿ ತೆಗೆದು ನೋಡಿದರೆ, ಚರ್ಚಿನಲ್ಲಿ ಪೂರ್ವಕ್ಕಿರಬೇಕಾದ ಬಲಿಪೀಠ ಹೆಚ್ಚುಕಡಿಮೆ ದಕ್ಷಿಣದಲ್ಲಿತ್ತು. ಸಮತಟ್ಟು ನೆಲ ಸಿಕ್ಕಿದ್ದೇ ಆ ಉದ್ದಕ್ಕೆ. ವಾಸ್ತುವಿಗಾಗಿ ಗುಡ್ಡ ಕಡಿಯುವುದು ಬೇಡವೆಂದು ಹಿರಿಯರನ್ನು ಒಪ್ಪಿಸಿದ ಆ ಪುಣ್ಯಾತ್ಮ ಯಾರೋ, ನನಗೆ ಬಹಳ ಹಿಡಿಸಿದ.

ಆರಂಭದಲ್ಲಿ ಹೊಳೆಯಾಚೆ ಇನ್ನೊಂದು ಮಠವೂ ಬಂದು ಕುಳಿತಿತ್ತಂತೆ. ಇವರ ಗಂಟೆ ಅವರಿಗೆ, ಅವರ ಗಂಟೆ ಇವರಿಗೆ ಕೇಳಿ, ಯಾರ ಪ್ರಾರ್ಥನೆಯ ಹೊತ್ತು ಯಾವುದೆಂದು ತಿಳಿಯದೆ, ಕೊನೆಗೆ 1147ರಲ್ಲಿ ಅವರೇ ಬೇರೆಡೆಗೆ ಹೋದರು. ಅದೇ ವರ್ಷ ಇಲ್ಲಿ ಏಲ್ರೆಡ್ ಮಠಾಧಿಪತಿಯಾದ. ಅವನ ಕಾಲದ ಕೊನೆಗೆ 140 ಸನ್ಯಾಸಿಗಳು, 500 ಮಂದಿ ದುಡಿಯುವ ಸಹೋದರರು ಮತ್ತು ಆಳುಗಳು ಇದ್ದರೆಂದು ಅವನ ಶಿಷ್ಯ ಬರೆದಿಟ್ಟಿದ್ದಾನೆ. ಅವನು ಹೇಳುವ ಇನ್ನೊಂದು ಸಂಗತಿಯಂತೂ ನನ್ನಂಥವನಿಗೇ ಹೇಳಿದ ಹಾಗಿದೆ. ಏಲ್ರೆಡ್ ನೆಲದಡಿಯಲ್ಲಿ ಒಂದು ಪುಟ್ಟ ತೊಟ್ಟಿ ಕಟ್ಟಿಸಿ, ಗುಪ್ತ ಕಾಲುವೆಯಿಂದ ನೀರು ಹರಿಸಿ, ಮೇಲೆ ಅಗಲವಾದ ಚಪ್ಪಡಿ ಮುಚ್ಚಿಸಿದ್ದ. ಯಾರೂ ಇಲ್ಲದಾಗ ಅದರೊಳಗೆ ಇಳಿದು, ಕೊರೆಯುವ ನೀರಿನಲ್ಲಿ ನಿಂತು ಮೈಯ ಬೇಗೆ ತಣಿಸಿಕೊಳ್ಳುತ್ತಿದ್ದ. ಆ ತೊಟ್ಟಿ ಎಲ್ಲಿತ್ತೆಂದು ಹುಲ್ಲಿನ ನಡುವಿನ ಅಡಿಪಾಯಗಳಲ್ಲಿ ಹುಡುಕಿ ಹುಡುಕಿ ಸುಸ್ತಾದೆ.

ಮಠ ಮುಚ್ಚಿದ್ದು 1538ರಲ್ಲಿ, ಎಂಟನೆಯ ಹೆನ್ರಿಯ ಆಜ್ಞೆಯಿಂದ. ಆ ಹೊತ್ತಿಗೆ ಉಳಿದಿದ್ದ ಸನ್ಯಾಸಿಗಳು ಇಪ್ಪತ್ತರ ಆಸುಪಾಸು. ಜಾಗ ಸರದಾರನಾದ ರಟ್ಲೆಂಡಿನ ಅರ್ಲ್‌ನ ಪಾಲಾಯಿತು. ಸೂರಿಗೆ ಹೊದಿಸಿದ್ದ ಸೀಸ ಮಾತ್ರ ರಾಜನಿಗೆ. ಅದನ್ನು ಕಿತ್ತು, ಕರಗಿಸಿ, ಗಟ್ಟಿ ಎರೆದರು. ಕಟ್ಟಡವನ್ನು ಕೊಲ್ಲಲು ಗೋಡೆ ಒಡೆಯಬೇಕಾಗಿಲ್ಲ, ಸೂರು ತೆಗೆದರೆ ಸಾಕು.

ಇದು ನನಗೆ ಪುಸ್ತಕದಿಂದ ಬಂದ ತಿಳಿವಲ್ಲ. ಭಾಗವಾದ ಮೇಲೆ ನಮ್ಮ ಮಲೆನಾಡಿನ ಹಳೆಯ ಮನೆಯ ಹೆಂಚು, ತೊಲೆ, ಪಕಾಸಿಗಳನ್ನು ಲೆಕ್ಕ ಹಾಕಿ ಮಾರಿದವನು ನಾನೇ. ದಾಯಾದಿಗಳಿಗೆ ಎಂಜಿನಿಯರನ ಲೆಕ್ಕದ ಮೇಲೆ ನಂಬಿಕೆ. ಮಣ್ಣಿನ ಗೋಡೆಗಳು ಎರಡು ಮಳೆಗಾಲ ತಡೆಯಲಿಲ್ಲ. ಇಲ್ಲಿ ಕಲ್ಲು, ಅದಕ್ಕೇ ಇಷ್ಟಾದರೂ ನಿಂತಿದೆ.

ಮೊದಲ ಮಹಾಯುದ್ಧದ ನಂತರ, ಸೈನ್ಯದಿಂದ ಬಂದವರನ್ನು ಹಚ್ಚಿ ಇಲ್ಲಿಯ ಕುಸಿದ ಕಲ್ಲುಮಣ್ಣಿನ ರಾಶಿಯನ್ನು ತೆಗೆಸಿದರು. ಆಗ ಚರ್ಚಿನ ಒಂದು ತುದಿಯಲ್ಲಿ ಹೆನ್ರಿಯ ಕಾಲದ ಸೀಸದ ಗಟ್ಟಿಗಳು ಸಿಕ್ಕವು. ಸಾಗಿಸುವ ಮೊದಲೇ ಮೇಲೆ ಗೋಡೆ ಬಿದ್ದು ರಾಜನಿಗೂ ದಕ್ಕದೆ ಹೋದ ಮಾಲು. ಅದನ್ನು 1920ರ ದಶಕದಲ್ಲಿ, ಯಾರ್ಕ್ ನಗರದ ದೊಡ್ಡ ಚರ್ಚಾದ ಯಾರ್ಕ್ ಮಿನ್‌ಸ್ಟರ್‌ನ ‘ಐವರು ಸೋದರಿಯರು’ ಎಂಬ ಕಿಟಕಿಯ ದುರಸ್ತಿಗೆ ಬಳಸಿದರು. ಹದಿಮೂರನೆಯ ಶತಮಾನದ ಕಿಟಕಿ, ಒಂದು ಲಕ್ಷಕ್ಕೂ ಹೆಚ್ಚು ಗಾಜಿನ ಚೂರುಗಳು. ಅವನ್ನು ಹಿಡಿದಿಡುವುದು ಸೀಸದ ಪಟ್ಟಿಗಳೇ. ಯುದ್ಧದಲ್ಲಿ ಮಡಿದ ಹೆಂಗಸರ ನೆನಪಿಗೆಂದು 1925ರಲ್ಲಿ ಅದನ್ನು ಅರ್ಪಿಸಿದರು.

ಇದನ್ನು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮರುದಿನ ಎಲ್ಲರನ್ನೂ ಯಾರ್ಕಿಗೆ ಹೊರಡಿಸಿದೆ. ಐದು ಎತ್ತರದ ಸೀಳುಗಳಲ್ಲಿ ಬೂದುಹಸಿರು ಬೆಳಕು ಇಳಿಯುತ್ತಿತ್ತು.

“ಬಣ್ಣವೇ ಇಲ್ಲವಲ್ಲ ಇದರಲ್ಲಿ” ಎಂದಳು ಹೆಂಡತಿ.

“ಗಾಜು ನೋಡಬೇಡ, ನಡುವಿನ ಕಪ್ಪು ಗೆರೆ ನೋಡು” ಎಂದು ನಿನ್ನೆಯ ಕಥೆಯನ್ನೆಲ್ಲ ಹೇಳಿದೆ. ಅವಳು ಕತ್ತೆತ್ತಿ ಬಹಳ ಹೊತ್ತು ನೋಡಿದಳು. ಆಮೇಲೆ, “ರೀ, ನಮ್ಮ ಮನೆಯ ಹೆಂಚು ಎಲ್ಲಿಗೆ ಹೋಯಿತು?” ಎಂದು ಕೇಳಿದಳು.

ತೀರ್ಥಹಳ್ಳಿಯ ಕಡೆಯ ಯಾರದೋ ಕೊಟ್ಟಿಗೆಗೆ ಎಂದು ಲಾರಿಯವನು ಹೇಳಿದ ನೆನಪು. ಅಷ್ಟನ್ನೇ ಹೇಳಿದೆ.